ನೈಸಿಯಾದ ಜಗಳವೂ ನಮ್ಮ ಕಾಕಾನೂ

ನಮ್ಮ ಕಾಕಾನ ಪ್ರಕಾರ ಅಟ್ಲಾಂಟಾ ಸುತ್ತಮುತ್ತಲಿನ ಕನ್ನಡಿಗರಲ್ಲಿ ಸರಿಯಾದ ಕ್ರೈಸ್ತರು ಇರುವುದು ಒಬ್ಬರೇ. ಆ ಒಬ್ಬರು ಯಾರೆಂದು ತಾವಾಗಿ ಹೇಳಿಕೊಳ್ಳುವಷ್ಟು ಜಂಬ ಅವರಿಗಿಲ್ಲ. ಆದರೆ ಅದು ಕಾಕಿ ಅಲ್ಲ ಎಂಬುದನ್ನು ಕಾಕಿಯ ಎದುರಿಗೇ ಹೇಳಿದ್ದಾರೆ. ನಾನಂತೂ ಅಲ್ಲ ಎಂಬುದು ಹೇಳದೆಯೇ ತಿಳಿಯುವ ವಿಷಯ.

ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ಧಾರವಾಡದವರು. ನಮ್ಮದು ಮುತ್ತಜ್ಜನ ಕಾಲದಿಂದ ಕ್ರೈಸ್ತ ಮನೆತನ. ಆಪರೇಷನ್ನಿಗೆ ಮುಂಚೆ ಅರಿವಳಿಕೆ ಕೊಡುವ ಡಾಕ್ಟರಾಗಿ ಇಲ್ಲಿನ ಆಸ್ಪತ್ರೆಗಳಲ್ಲಿ ಆಯುಷ್ಯ ಕಳೆದು, ಈಗ ಕಾಕಿಯ ಜೊತೆ ಡುಲುತ್‌ನಲ್ಲಿ ಇದ್ದಾರೆ. ನಿವೃತ್ತರಾದ ಬೇರೆ ಡಾಕ್ಟರುಗಳು ಗಾಲ್ಫ್ ಆಡುತ್ತಾರೆ, ಟೊಮ್ಯಾಟೊ ಬೆಳೆಯುತ್ತಾರೆ, ಮೊಮ್ಮಕ್ಕಳ ಫೋಟೊ ಕಳಿಸುತ್ತಾರೆ. ನಮ್ಮ ಕಾಕಾ ನಾಲ್ಕನೆಯ ಶತಮಾನಕ್ಕೆ ಹೊರಟುಹೋದರು. ಊಟದ ಹೊತ್ತಿಗೆ ಮಾತ್ರ ವಾಪಸ್ ಬರುತ್ತಾರೆ.

ಆ ಶತಮಾನದಲ್ಲಿ ಅಂಥದ್ದೇನಿದೆ ಅಂತೀರಾ? ಜಗಳವಿದೆ. ಅಲೆಕ್ಸಾಂಡ್ರಿಯಾದ ಒಬ್ಬ ಪಾದ್ರಿ, ಯೇಸು ಎಲ್ಲರಿಗಿಂತ ದೊಡ್ಡವನು, ಆದರೂ ದೇವರು ಸೃಷ್ಟಿ ಮಾಡಿದವನೇ ಎಂದು ಬೋಧಿಸಿ, ಅದನ್ನು ಹಾಡು ಕಟ್ಟಿ ಜನರ ಬಾಯಿಗೆ ಹಾಕಿದ. ಚಕ್ರವರ್ತಿ ಬಿಷಪ್ಪರನ್ನೆಲ್ಲ ನೈಸಿಯಾ ಎಂಬ ಊರಿಗೆ ಕರೆಸಿ ಕೂಡಿಸಿದ. ಆ ಮಹಾಸಭೆ ಪಾದ್ರಿಯದು ದುರ್ಬೋಧನೆ ಎಂದು ತಳ್ಳಿಹಾಕಿ, ಮಗನದು ತಂದೆಯ ತತ್ವವೇ ಎಂದು ಬರೆಯಿತು. ಅಲ್ಲಿಗೆ ಮುಗಿಯಿತೆ? ಎಲ್ಲಿ ಬಂತು! ‘ಅದೇ ತತ್ವ’ ಎನ್ನಬೇಕೋ, ‘ಅಂಥದೇ ತತ್ವ’ ಎನ್ನಬೇಕೋ ಎಂದು ಮುಂದೆ ದಶಕಗಳ ಕಾಲ ಹೊಡೆದಾಡಿದರು. ಗ್ರೀಕ್ ಭಾಷೆಯಲ್ಲಿ ಆ ಎರಡು ಮಾತಿಗೂ ಇರುವುದು ಒಂದೇ ಅಕ್ಷರದ ವ್ಯತ್ಯಾಸ. ಆ ಒಂದು ಅಕ್ಷರ ಕಾಕಾನ ಮನೆಯಲ್ಲಿ ಈಗಲೂ ಓಡಾಡಿಕೊಂಡಿದೆ.

ಒಮ್ಮೆ ಕಾಕಿ ಭಾನುವಾರದ ಮಕ್ಕಳ ಕ್ಲಾಸಿನಲ್ಲಿ ಯೇಸುಸ್ವಾಮಿ ದೇವರಂಥವರು ಎಂದುಬಿಟ್ಟರು. ಕಾಕಾ ಮನೆಗೆ ಬರುವವರೆಗೂ ತಡೆದುಕೊಂಡಿದ್ದು, ಬಾಗಿಲು ತೆಗೆಯುತ್ತಲೇ ಶುರುಮಾಡಿದರು. ದೇವರಂಥವರು ಅಂದರೆ ದೇವರಲ್ಲ ಅಂದಹಾಗೆ. ಬಿಷಪ್ಪರು ಊರು ಬಿಟ್ಟು, ಕುರ್ಚಿ ಬಿಟ್ಟು ಕಾಪಾಡಿದ ಮಾತನ್ನು ನೀನು ಬಿಸ್ಕತ್ತು ಹಂಚುತ್ತಾ ಕಳೆದುಬಿಟ್ಟೆ ಎಂದು ಅವರ ದೂರು. ಕಾಕಿ ಎಲ್ಲವನ್ನೂ ಕೇಳಿಕೊಂಡು, ಊಟಕ್ಕೆ ಕೂತಾಗ ಡಬ್ಬಿ ತೆಗೆದು ಮುಂದಿಟ್ಟರು.

“ನಿನ್ನಿ ಚಪಾತಿ ಅದಾವು. ‘ಅವೇ’ ಬೇಕೋ, ‘ಅಂಥಾವು’ ಹೊಸಾವು ಬಿಸಿಬಿಸಿ ಮಾಡಿಕೊಡಲೋ?”

ಕಾಕಾ ಒಂದು ಕ್ಷಣ ಯೋಚಿಸಿ ನಿನ್ನೆಯ ಚಪಾತಿಯನ್ನೇ ತಿಂದರು. ವಿಶ್ವಾಸಕ್ಕಾಗಿ ಕಷ್ಟಪಡುವ ಅವಕಾಶ ಈ ದೇಶದಲ್ಲಿ ಅಷ್ಟು ಸುಲಭವಾಗಿ ಸಿಗುವುದಿಲ್ಲ.

ಎರಡು ಸಾವಿರದ ಇಪ್ಪತ್ತರಲ್ಲಿ ನಮ್ಮ ಕನ್ನಡ ಪ್ರಾರ್ಥನಾ ಕೂಟ ಎಲ್ಲದರ ಹಾಗೆ ಕಂಪ್ಯೂಟರಿನ ಪರದೆಗೆ ಬಂತು. ಒಂದು ಭಾನುವಾರ ಶಾರ್ಲೆಟ್ ನಗರದ ಕಡೆಯಿಂದ ಒಬ್ಬರು ಅತಿಥಿ ಪ್ರಸಂಗ ಮಾಡುತ್ತಾ, ತಂದೆ, ಮಗ, ಪವಿತ್ರಾತ್ಮ ಎಂದರೆ ನೀರು, ಮಂಜುಗಡ್ಡೆ, ಹಬೆ ಇದ್ದ ಹಾಗೆ, ಒಂದೇ ವಸ್ತು ಮೂರು ರೂಪ ಎಂದು ವಿವರಿಸಿದರು. ನಮಗೆಲ್ಲ ಚೆನ್ನಾಗಿಯೇ ಅರ್ಥವಾಯಿತು. ನಮಗೆ ಅರ್ಥವಾಯಿತು ಎಂದರೇ ಅದು ದುರ್ಬೋಧನೆ ಎಂದು ಕಾಕಾನಿಗೆ ಗೊತ್ತು. ಒಬ್ಬ ದೇವರೇ ಮೂರು ವೇಷ ಹಾಕುತ್ತಾನೆಂಬ ಆ ವಾದವನ್ನು ಮೂರನೆಯ ಶತಮಾನದಲ್ಲೇ ತಳ್ಳಿಹಾಕಿದ್ದಾರೆ ಎಂದು ಪ್ರಸಂಗದ ನಡುವೆಯೇ ಎದ್ದು ನಿಂತು ಹೇಳತೊಡಗಿದರು. ನಮ್ಮ ಪಾಸ್ಟರು ಮೃದು ಸ್ವಭಾವದ ಹುಡುಗ, ವಾರದ ದಿನಗಳಲ್ಲಿ ಸಾಫ್ಟ್‌ವೇರ್ ಕೆಲಸ. ಅವರು ಏನೂ ಹೇಳಲಾರದೆ ಕಾಕಾನನ್ನು ಮ್ಯೂಟ್ ಮಾಡಿದರು. ಇದು ತಿಳಿಯದೆ ಕಾಕಾ ಬೆರಳೆತ್ತಿ, ಪುಸ್ತಕ ಎತ್ತಿ, ಕೊನೆಗೆ ಎರಡೂ ಕೈ ಎತ್ತಿ ವಾದಿಸುತ್ತಲೇ ಇದ್ದರು. ಹಿಂದಿನಿಂದ ಕಾಕಿ ಚುರುಮುರಿ ತಟ್ಟೆ ಹಿಡಿದು ಹಾದುಹೋದರು.

ಸಂಜೆ ಸಮಾಧಾನ ಹೇಳೋಣ ಎಂದು ಫೋನ್ ಮಾಡಿದರೆ ಕಾಕಾ ಬಹಳ ಖುಷಿಯಲ್ಲಿದ್ದರು.

“ಹಿಂದಿನವರನ್ನ ಗಡೀಪಾರು ಮಾಡಿದ್ರವಾ. ನನ್ನನ್ನ ಬರೇ ಮ್ಯೂಟ್ ಮಾಡ್ಯಾರ,” ಎಂದರು.

ಮರುವರ್ಷ ಕೂಟ ಮತ್ತೆ ಬಾಡಿಗೆಯ ಹಾಲಿಗೆ ಬಂದಾಗ, ಬಿಳಿ ಗಡ್ಡ ಹೇಗೂ ಇದೆ ಎಂದು ಕ್ರಿಸ್‌ಮಸ್ ಹಬ್ಬಕ್ಕೆ ಅವರನ್ನು ಸ್ಯಾಂಟಾ ಮಾಡಿದರು. ಯಾರ ಐಡಿಯಾ ಎಂದು ಈಗ ಯಾರೂ ಒಪ್ಪಿಕೊಳ್ಳುತ್ತಿಲ್ಲ. ಕೆಂಪು ಟೋಪಿ ಹಾಕಿ ಕೂತ ಕಾಕಾ, ಮಕ್ಕಳಿಗೆ ಸ್ಯಾಂಟಾನ ನಿಜವಾದ ಕಥೆ ಹೇಳುತ್ತೇನೆಂದರು. ಸ್ಯಾಂಟಾ ಎಂದರೆ ಮೂಲದಲ್ಲಿ ಆ ಕಾಲದ ಒಬ್ಬ ಸಂತ, ಬಿಷಪ್. ಅವನು ನೈಸಿಯಾದ ಸಭೆಗೆ ಬಂದಿದ್ದನಂತೆ, ಅಲೆಕ್ಸಾಂಡ್ರಿಯಾದ ಪಾದ್ರಿಯ ಮಾತು ಕೇಳಲಾರದೆ ಎದ್ದುಹೋಗಿ ಕಪಾಳಕ್ಕೆ ಹೊಡೆದನಂತೆ ಎಂದು ಹಳೆಯ ಕಥೆಯೊಂದಿದೆ. ಉಡುಗೊರೆ ಸಿಗದ ತುಂಟ ಮಕ್ಕಳ ಹೆಸರನ್ನು ಸ್ಯಾಂಟಾ ಪಟ್ಟಿ ಮಾಡಿಡುತ್ತಾನೆ ಎಂದು ಇಲ್ಲಿನ ಮಕ್ಕಳ ನಂಬಿಕೆ. ಎದುರಿಗೆ ಕೂತಿದ್ದ ಪುಟ್ಟ ಹುಡುಗಿ ಬಹಳ ಗಂಭೀರವಾಗಿ ಕೇಳಿದಳು:

“ವಾಸ್ ಹೀ ಆನ್ ದ ನಾಟಿ ಲಿಸ್ಟ್?”

ಒಳ್ಳೆಯ ಪ್ರಶ್ನೆ ಎಂದು ಕಾಕಾ ಮೆಚ್ಚಿ, ಉಳಿದ ಬಿಷಪ್ಪರು ಸ್ಯಾಂಟಾನನ್ನು ಜೈಲಿಗೆ ಹಾಕಿದರು ಎಂದರು. ಹಾಲಿನಲ್ಲಿದ್ದ ಅರ್ಧ ಮಕ್ಕಳು ಅಳತೊಡಗಿದವು. ಮತ್ತೆ ಅವರಿಗೆ ಆ ಟೋಪಿ ಸಿಗಲಿಲ್ಲ.

ಇಂಥವರ ಹತ್ತಿರ ದುಃಖ ಹೇಳಿಕೊಳ್ಳಲು ಯಾರಾದರೂ ಬರುತ್ತಾರೆಯೇ? ಒಬ್ಬಳು ಬಂದಳು.

ಕೃಪಾ ಮೈಸೂರಿನ ಹುಡುಗಿ. ಅವಳೂ ಗಂಡನೂ ಅಲ್ಫರೆಟಾದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದರು, ನಮ್ಮ ಕೂಟಕ್ಕೆ ಬರುತ್ತಿದ್ದರು. ಅವಳಿಗೆ ದಿನ ತುಂಬುವ ಮುಂಚೆಯೇ ಹೆಣ್ಣು ಮಗು ಹುಟ್ಟಿತು. ಹನ್ನಾ ಎಂದು ಹೆಸರಿಟ್ಟರು. ಮಗು ವಾರಗಟ್ಟಲೆ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿದ್ದು, ನಿಧಾನವಾಗಿ ತೂಕ ಹಿಡಿಯಿತು. ಪಾಸ್ಟರು ಅಲ್ಲೇ ಬಂದು, ಮಗುವನ್ನು ಕ್ರೈಸ್ತ ಸಭೆಗೆ ಸೇರಿಸುವ ದೀಕ್ಷಾಸ್ನಾನ ಕೊಡುತ್ತೇನೆಂದಿದ್ದರು. ಕೃಪಾಳೇ ಬೇಡವೆಂದಳು. ಅವಳ ಅಪ್ಪ ಅಮ್ಮನಿಗೆ ವೀಸಾ ಸಂದರ್ಶನದ ದಿನ ಸಿಗುವುದರಲ್ಲಿತ್ತು. ಅಜ್ಜಿ ತಾತ ಬಂದ ಮೇಲೆ, ಮಗು ಮನೆಗೆ ಬಂದ ಮೇಲೆ, ಎಲ್ಲರೂ ಸೇರಿ ಮಾಡೋಣ ಎಂಬ ಆಸೆ. ವೀಸಾ ಮುಂದಕ್ಕೆ ಹೋಗುತ್ತಲೇ ಇತ್ತು. ಅಷ್ಟರಲ್ಲಿ ಮಗುವಿಗೆ ಸೋಂಕು ತಗುಲಿ, ಒಂದೇ ದಿನದಲ್ಲಿ ಎಲ್ಲ ಮುಗಿದುಹೋಯಿತು.

ಮಣ್ಣು ಕೊಟ್ಟ ಮೇಲೆ ಊರಿನಿಂದ ಯಾರೋ ಸಂಬಂಧಿಕರು ಫೋನಿನಲ್ಲಿ, ದೀಕ್ಷಾಸ್ನಾನ ಆಗಿತ್ತಾ ಎಂದು ಕೇಳಿದರಂತೆ. ಅದು ಆಗದ ಮಗು ಪರಲೋಕ ಸೇರುವುದಿಲ್ಲ ಎಂಬುದು ಹಳಬರ ಹೆದರಿಕೆ, ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಆದರೆ ಕೃಪಾ ಅಂದಿನಿಂದ ಕೂಟಕ್ಕೆ ಬರುವುದನ್ನು ಬಿಟ್ಟಳು. ಪಾಸ್ಟರು ಎರಡು ಮೂರು ಸಲ ಹೋಗಿ ಬಂದರು. ಮಗು ದೇವರ ಹತ್ತಿರ ಇದೆ ಎಂದು ಅವರು ಹೇಳಿದಾಗ ಅವಳು ತಲೆ ಆಡಿಸಿ ಕಾಫಿ ಕೊಟ್ಟು ಕಳಿಸಿದಳಂತೆ. ಕೆಲವು ವಾರ ಕಳೆದು ಅವಳ ಗಂಡ ನನಗೆ ಫೋನ್ ಮಾಡಿ, ಕಾಕಾನನ್ನು ಕರೆದುಕೊಂಡು ಬರಲಾಗುತ್ತದೆಯೇ ಎಂದು ಕೇಳಿದ. ನಾನು ಹೆದರಿದೆ. ಕಾಕಾನೇ ಏಕೆ ಎಂದೆ.

“ಅವಳೇ ಕೇಳಿದ್ಳು ಅಕ್ಕ,” ಎಂದ. “ಬೇರೆಯವರೆಲ್ಲ ನನ್ನ ಸಮಾಧಾನಕ್ಕೆ ಏನೋ ಹೇಳ್ತಾರೆ, ಅಂಕಲ್ ಆದ್ರೆ ಇದ್ದಿದ್ದನ್ನೇ ಹೇಳ್ತಾರೆ ಅಂತಾಳೆ.”

ಶನಿವಾರ ಮಧ್ಯಾಹ್ನ ನಾನೇ ಕಾರಿನಲ್ಲಿ ಕರೆದುಕೊಂಡು ಹೋದೆ. ದಾರಿಯಲ್ಲಿ, ದಯವಿಟ್ಟು ಇವತ್ತು ಯಾವ ಶತಮಾನವೂ ಬೇಡ ಎಂದು ಬೇಡಿಕೊಂಡೆ.

ಕೃಪಾ ಬಹಳ ಇಳಿದುಹೋಗಿದ್ದಳು. ಕಾಕಾ ಕೂರುತ್ತಲೇ, ಪೀಠಿಕೆ ಇಲ್ಲದೆ ಕೇಳಿದಳು.

“ಅಂಕಲ್, ಆ ಸಭೆಗಳ ಬಗ್ಗೆ ನೀವು ಎಲ್ಲಾ ಓದಿದ್ದೀರ. ದೀಕ್ಷಾಸ್ನಾನ ಆಗದೆ ಹೋದ ಮಕ್ಕಳ ಬಗ್ಗೆ ಅವರು ಏನು ಡಿಸೈಡ್ ಮಾಡಿದ್ರು?”

ಕಾಕಾ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. ಅದು ಅವರ ಭಾಷಣದ ಮೊದಲ ಲಕ್ಷಣ. ನಾನು ನೆಲ ನೋಡುತ್ತಾ ಕೂತೆ.

“ಏನೂ ಡಿಸೈಡ್ ಮಾಡಿಲ್ಲ ತಂಗಿ,” ಎಂದರು.

“ಒಂದ್ರಲ್ಲೂ?”

“ಒಂದರಾಗೂ ಇಲ್ಲ. ಉಳಿದದ್ದಕ್ಕೆಲ್ಲಾ ಬಡಿದಾಡ್ಯಾರ. ಈ ಮಾತು ಮಾತ್ರ ಯಾರೂ ಎತ್ತಲಿಲ್ಲ. ಕೂಸು ದೇವರದು ಅನ್ನೋದರಾಗ ಯಾರಿಗೂ ಸಂಶಯ ಇರಲಿಲ್ಲ.”

“ಶ್ಯೂರಾ ಅಂಕಲ್?”

“ನಾ ಈ ವಿಷಯದಾಗ ಎಂದಾದರೂ ತಪ್ಪು ಹೇಳೀನೇನು?”

ಅವಳು ಅವರ ಮುಖವನ್ನೇ ನೋಡುತ್ತಿದ್ದು, ಆಮೇಲೆ ಅಳತೊಡಗಿದಳು. ಮಣ್ಣಿನ ದಿನವೂ ಅವಳು ಅತ್ತಿರಲಿಲ್ಲವಂತೆ. ಗಂಡ ಬಂದು ಪಕ್ಕದಲ್ಲಿ ಕೂತ. ಕಾಕಾ ಬೈಬಲಿನ ಯಾವ ವಾಕ್ಯವನ್ನೂ ಹೇಳಲಿಲ್ಲ, ಪ್ರಾರ್ಥನೆಗೂ ಅವಸರ ಮಾಡಲಿಲ್ಲ. ಅವಳ ಅಳು ಇಳಿದ ಮೇಲೆ ಹನ್ನಾಳ ಫೋಟೊ ಇದೆಯೇ ಎಂದು ಕೇಳಿದರು. ಅವಳು ಫೋನಿನಲ್ಲಿ ಒಂದೊಂದೇ ತೋರಿಸಿದಳು. ಕೂದಲು ಎಷ್ಟು ದಟ್ಟ ಇದೆ ನೋಡು, ಈ ಮುಷ್ಟಿ ನೋಡು ಎಂದು ಕಾಕಾ ನನಗೂ ತೋರಿಸಿದರು. ಮಗುವನ್ನು ಕುರಿತು ಯಾರಾದರೂ ಹಾಗೆ ಮಾತಾಡುವುದು ಅವಳಿಗೆ ಬೇಕಾಗಿತ್ತು ಎಂದು ನನಗೆ ಹೊಳೆದದ್ದೇ ಆಗ.

ವಾಪಸ್ ಬರುವಾಗ ಹೆದ್ದಾರಿಯಲ್ಲಿ ವಾಹನಗಳು ಕಿಕ್ಕಿರಿದಿದ್ದವು. ಇಷ್ಟೆಲ್ಲ ಜಗಳವಾಡಿದ ಬಿಷಪ್ಪರು ಇದೊಂದನ್ನು ಬಿಟ್ಟಿದ್ದು ದೊಡ್ಡ ಮಾತು ಎಂದು ನಾನೇ ಶುರುಮಾಡಿದೆ.

“ಬಿಟ್ಟಿಲ್ಲ,” ಎಂದರು ಕಾಕಾ.

ನಾನು ತಿರುಗಿ ನೋಡಿದೆ. ಅವರು ಮುಂದಿನ ರಸ್ತೆಯನ್ನೇ ನೋಡುತ್ತಾ ಹೇಳಿದರು. ಐದನೆಯ ಶತಮಾನದಲ್ಲಿ ಆಫ್ರಿಕಾದ ಬಿಷಪ್ಪರು ಕಾರ್ಥೇಜಿನಲ್ಲಿ ಸೇರಿದ್ದರು. ದೀಕ್ಷಾಸ್ನಾನವಿಲ್ಲದೆ ಸತ್ತ ಕೂಸುಗಳು ಪರಲೋಕದಲ್ಲೋ ಬೇರೆಲ್ಲೋ ಸುಖವಾಗಿ ಇರುತ್ತವೆ ಎಂದು ಯಾರಾದರೂ ಹೇಳಿದರೆ ಅವರಿಗೆ ಶಾಪ ಎಂದು ಬರೆದರು. ಆ ಮಾತು ಎಲ್ಲ ಹಸ್ತಪ್ರತಿಗಳಲ್ಲೂ ಸಿಗುವುದಿಲ್ಲ ಎಂದು, ಅಂಥ ಹೊತ್ತಿನಲ್ಲೂ, ಸೇರಿಸುವುದನ್ನು ಮರೆಯಲಿಲ್ಲ.

“ಹಂಗಾರ ನೀವು ಅಕಿಗೆ ಹೇಳಿದ್ದು?”

“ದುರ್ಬೋಧನೆ,” ಎಂದರು.

ಸ್ವಲ್ಪ ದೂರ ಹೋದ ಮೇಲೆ ತಮ್ಮ ಎರಡೂ ಕೈಗಳನ್ನು ಮಡಿಲಲ್ಲಿ ಅಂಗೈ ಮೇಲಾಗಿ ಇಟ್ಟುಕೊಂಡರು.

“ಅಂಥಾ ಕೂಸುಗಳಿಗೆ ನಾ ಮದ್ದು ಕೊಟ್ಟು ಮಲಗಿಸೀನಿ. ಅಂಗೈಯಾಗ ಹಿಡಿಸ್ತಿದ್ದವು. ಕೆಲವು ಏಳಲಿಲ್ಲ,” ಎಂದರು. “ಆ ಬಿಷಪ್ಪರು ಕೈಯಾಗ ಹಿಡಿದಿರಲಿಲ್ಲ ನೋಡವಾ. ಹಿಡಿದಿದ್ದರ ಬರೀತಿರಲಿಲ್ಲ.”



ಮುಂದಿನ ಭಾನುವಾರ ಕೂಟ ಶುರುವಾದ ಮೇಲೆ ಬಾಗಿಲು ಸದ್ದಿಲ್ಲದೆ ತೆರೆಯಿತು. ಕೃಪಾ ಬಂದು ಎಲ್ಲಿ ಕೂರಬೇಕೆಂದು ತಿಳಿಯದೆ ಗೋಡೆಯ ಹತ್ತಿರ ನಿಂತಳು. ಕಾಕಾ ಪಕ್ಕದ ಕುರ್ಚಿಯ ಮೇಲಿದ್ದ ತಮ್ಮ ಕೋಟನ್ನು ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ಅವಳು ಅಲ್ಲಿ ಹೋಗಿ ಕೂತಳು. ಆಗ ಎಲ್ಲರೂ ಕೀರ್ತನೆ ಹಾಡುತ್ತಿದ್ದರು. ಕಾಕಾ ತಮ್ಮ ಪುಸ್ತಕವನ್ನು ಅವಳ ಕೈಗೆ ಕೊಟ್ಟು, ಸಾಲಿನ ಮೇಲೆ ಬೆರಳಿಟ್ಟು ತೋರಿಸಿದರು. ಅವಳು ಮೆಲ್ಲಗೆ ಹಾಡತೊಡಗಿದಳು. ಆ ಹಾಲಿನಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಹಾಡುವವರು ನಮ್ಮ ಕಾಕಾ. ಅಂದು ಅವಳ ದನಿ ಕೇಳಿಸಲೆಂದು ತಮ್ಮದನ್ನು ತಗ್ಗಿಸಿದರು.