ಟೀಚರ್ ಕಾರು ಹಿಡಿದ ಹಠ

ನನ್ನ ಗ್ಯಾರೇಜಿಗೆ ಬರುವ ಗಾಡಿಗಳಲ್ಲಿ ಅರ್ಧಕ್ಕರ್ಧ ಕೆಟ್ಟೇ ಇರುವುದಿಲ್ಲ. ಗಂಡ ಹೆಂಡತಿಯಲ್ಲಿ ಯಾರು ಸರಿ ಅಂತ ನನ್ನ ಬಾಯಲ್ಲಿ ಹೇಳಿಸಲು ಬರುತ್ತವೆ. ಚೆಟ್ಟಳ್ಳಿ ರಸ್ತೆಯಲ್ಲಿ ಶೆಡ್ ಹಾಕಿದಾಗಿನಿಂದ ನಾನು ಸ್ಪ್ಯಾನರ್ ಹಿಡಿದದ್ದಕ್ಕಿಂತ ಪಂಚಾಯ್ತಿ ಮಾಡಿದ್ದೇ ಹೆಚ್ಚು. ಹೋದ ಚಳಿಗಾಲದಲ್ಲಿ ನಮ್ಮ ಟೀಚರ್ ಕಾರು ಬಂದಾಗಲೂ ಹೀಗೇ ಆಯಿತು.

ಟೀಚರ್ ಅಂದರೆ ಹೈಸ್ಕೂಲಿನಲ್ಲಿ ನನಗೆ ವಿಜ್ಞಾನ ಹೇಳಿಕೊಟ್ಟವರು. ನಾನು ಫೇಲಾದೆ, ಅದು ಅವರ ತಪ್ಪಲ್ಲ. ಐವತ್ತೈದನೇ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತು ತಮ್ಮ ಸಂಬಳದ ಉಳಿತಾಯದಲ್ಲಿ ಹೊಸ ಕಾರು ತೆಗೆದುಕೊಂಡಿದ್ದರು. ಏಳು ತಿಂಗಳಾಗಿತ್ತು, ಸೀಟಿನ ಪ್ಲಾಸ್ಟಿಕ್ ಇನ್ನೂ ಬಿಚ್ಚಿರಲಿಲ್ಲ. ಅವರ ಯಜಮಾನರು ಕಾಫಿ ಬೀಜ ಹಸನುಮಾಡುವ ಕ್ಯೂರಿಂಗ್ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್ ಆಗಿದ್ದು ರಿಟೈರ್ ಆದವರು. ಮೂವತ್ತು ವರ್ಷ ಜೀಪು ಓಡಿಸಿದವರಾದ್ದರಿಂದ ಪಕ್ಕದ ಸೀಟಿನಲ್ಲಿ ಕೂತೇ ಕಾರು ಓಡಿಸುತ್ತಿದ್ದರು.

೧. ತಳ್ಳಿದವರು ಒಂಬತ್ತು ಜನ

ಬೆಳಿಗ್ಗೆ ಏಳೂವರೆಗೆ ಟೀಚರ್ ಫೋನು. "ಲೋ, ಕಾರು ರಸ್ತೆ ಮಧ್ಯ ನಿಂತುಬಿಟ್ಟಿದೆ. ಬ್ರೇಕು ಹಿಡ್ಕೊಂಡಿದ್ದು ಬಿಡ್ತಾ ಇಲ್ಲ."

ಮನೆಯಿಂದ ಇಳಿಜಾರಿನಲ್ಲಿ ನಾಲ್ಕೈದು ಸಲ ಬ್ರೇಕ್ ಒತ್ತಿದ್ದಾರೆ. ಕಾಲು ತೆಗೆದರೂ ಚಕ್ರ ಬಿಗಿದುಕೊಂಡೇ ಇದೆ. ಹಿಂದೆ ಎಸ್ಟೇಟ್ ಜೀಪು ಸಿಕ್ಕಿಹಾಕಿಕೊಂಡಿದೆ. ಅದರಲ್ಲಿ ಕಾಫಿ ಹಣ್ಣು ಕೊಯ್ಯಲು ಹೊರಟಿದ್ದ ಒಂಬತ್ತು ಹೆಂಗಸರು ಇಳಿದು ಕಾರು ತಳ್ಳಿದ್ದಾರೆ. ಕಾರು ಅಲ್ಲಾಡಿಲ್ಲ. ಅವರಲ್ಲಿ ಹಿರಿಯಾಕೆಯೊಬ್ಬರು ಟೀಚರ್ ಹತ್ತಿರ ಬಂದು ಮೆಲ್ಲಗೆ, "ಅಮ್ಮ, ಸ್ವಲ್ಪ ಇಳೀರಿ, ಭಾರ ಕಮ್ಮಿ ಆಗ್ತದೆ" ಅಂದರಂತೆ. ಟೀಚರ್ ಇಳಿದರು. ಯಜಮಾನರು ಇಳಿಯಲಿಲ್ಲ. ಆಗಲೂ ಕಾರು ಅಲ್ಲಾಡಲಿಲ್ಲ. ಕೊನೆಗೆ ಜೀಪು ಚರಂಡಿ ಬದಿಯಿಂದ ಹೇಗೋ ದಾಟಿಕೊಂಡು ಹೋಯಿತು.

ನನ್ನ ಕೈಯಲ್ಲಿದ್ದ ಕೆಲಸ ಮುಗಿಸಿ ಹೋಗುವಾಗ ಹತ್ತು ಗಂಟೆ. ಬಿಸಿಲು ಬಿದ್ದಿತ್ತು. ನಾನು ಬಾನೆಟ್ಟಿನ ಮೇಲೆ ಕೈಯಿಟ್ಟೆ, ಕಾರು ತಾನಾಗಿ ಉರುಳತೊಡಗಿತು.

ಯಜಮಾನರು ಕಿಟಕಿಯಿಂದ ತಲೆ ಹೊರಗೆ ಹಾಕಿ, "ನೋಡಿದ್ಯಾ? ಗಾಡಿಲಿ ಎಂತದೂ ಇಲ್ಲ. ಇವಳ ಕಾಲಲ್ಲಿದೆ" ಅಂದರು. ಹಾಗೆನ್ನುವಾಗ ಕಾರು ಅವರನ್ನು ಕೂರಿಸಿಕೊಂಡು ಇಳಿಜಾರಿನಲ್ಲಿ ಹೋಗುತ್ತಿತ್ತು, ಡ್ರೈವರ್ ಸೀಟಿನಲ್ಲಿ ಯಾರೂ ಇರಲಿಲ್ಲ. ನಾನು ಓಡಿಹೋಗಿ ಹ್ಯಾಂಡ್‌ಬ್ರೇಕ್ ಎಳೆದೆ.

೨. ಕಂಪ್ಯೂಟರ್ ಹೇಳಿದ್ದು

ವಾರಂಟಿ ಇರುವ ಗಾಡಿ, ನಾನು ಕೈಹಾಕುವುದು ಬೇಡ ಅಂತ ಮೈಸೂರಿನ ಶೋರೂಮಿಗೆ ಕಳಿಸಿದೆ. ಅವರು ಕಂಪ್ಯೂಟರಿಗೆ ವೈರು ಸಿಕ್ಕಿಸಿದರು, ಎರಡು ದಿನ ಇಟ್ಟುಕೊಂಡರು, ಊರೆಲ್ಲ ಓಡಿಸಿದರು. ಮೈಸೂರಿನಲ್ಲಿ ಕಾರು ಒಂದು ಸಲವೂ ಹಠ ಮಾಡಲಿಲ್ಲ. ರಿಪೋರ್ಟಿನಲ್ಲಿ ಬರೆದರು: ದೋಷವಿಲ್ಲ. ಗ್ರಾಹಕರಿಗೆ ಸದಾ ಬ್ರೇಕ್ ಮೇಲೆ ಕಾಲಿಡುವ ಅಭ್ಯಾಸವಿರಬಹುದು.

ಟೀಚರ್ ಆ ಹಾಳೆ ತಂದು ನನ್ನ ಮುಂದೆ ಇಟ್ಟರು. ಸಿಟ್ಟಾಗಿರಲಿಲ್ಲ.

"ಇದನ್ನ ಬರೆದವನಿಗೆ ಏನೂ ಗೊತ್ತಾಗಿಲ್ಲ ಕಣೋ."

"ಹೇಗೆ ಹೇಳ್ತೀರಿ ಟೀಚರ್?"

"ಮೂವತ್ತು ವರ್ಷ ನಾನೂ ಪ್ರೋಗ್ರೆಸ್ ಕಾರ್ಡಲ್ಲಿ ಇದನ್ನೇ ಬರೆದಿದ್ದೀನಿ. ಹುಡುಗನ ಮುಖ ನೆನಪಾಗದಿದ್ರೆ 'ಇನ್ನೂ ಗಮನ ಬೇಕು' ಅಂತ ಹಾಕೋದು. ನಿನಗೂ ಹಾಕಿದ್ದೆ."

೩. ನಿಂಬೆಹಣ್ಣು

ಮರುದಿನ ಬೆಳಿಗ್ಗೆ ಮಂಜು ಬಿಡುವ ಮೊದಲೇ ಯಜಮಾನರೇ ಸ್ಟೀರಿಂಗ್ ಹಿಡಿದರು, ಕಾಲು ಎಂದರೆ ಹೇಗಿರಬೇಕು ಅಂತ ತೋರಿಸಲು. ದೇವಸ್ಥಾನದಲ್ಲಿ ಕಾರಿಗೆ ಇನ್ನೊಂದು ಪೂಜೆ ಮಾಡಿಸುವುದೆಂದೂ ಆಗಿತ್ತು. ದೃಷ್ಟಿ ತಾಗಿದೆ ಅನ್ನುವುದು ಅವರ ಎರಡನೇ ಅನುಮಾನ, ಮೊದಲನೆಯದು ಹೆಂಡತಿ. ನನ್ನನ್ನು ಸಾಕ್ಷಿಗೆ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡರು.

ದೇವಸ್ಥಾನದ ಅಂಗಳಕ್ಕೆ ಕಾರು ಇಳಿಸಿ ಬ್ರೇಕ್ ಹಾಕಿ ನಿಲ್ಲಿಸಿದರು. ಅರ್ಚಕರು ಹೂ ಏರಿಸಿ, ಆರತಿ ಎತ್ತಿ, ನಾಲ್ಕು ಚಕ್ರದ ಕೆಳಗೂ ನಿಂಬೆಹಣ್ಣಿಟ್ಟು, "ಹೂಂ, ಮುಂದೆ ತಗೊಳ್ಳಿ" ಅಂದರು.

ಯಜಮಾನರು ಕ್ಲಚ್ ಬಿಟ್ಟರು. ಇಂಜಿನ್ ಕೆಮ್ಮಿ ನಿಂತಿತು. ಮತ್ತೆ ಸ್ಟಾರ್ಟ್, ಮತ್ತೆ ಆಫ್. ಐದು ಸಲ ಆಯಿತು. ನಿಂಬೆಹಣ್ಣುಗಳು ದುಂಡಗೆ ಹಾಗೇ ಕೂತಿದ್ದವು.

"ನೀನು ಪಕ್ಕದಲ್ಲಿ ಕೂತು ನನ್ನ ಕಾಲನ್ನೇ ನೋಡ್ತಾ ಇದ್ದೀಯ. ಅದಕ್ಕೇ ಹೀಗೆ" ಅಂದರು ಯಜಮಾನರು.

ಟೀಚರ್ ಕಿಟಕಿಯಾಚೆ ನೋಡತೊಡಗಿದರು. ಅವರ ಭುಜ ಅಲುಗುತ್ತಿತ್ತು. ಅಳುತ್ತಿದ್ದಾರೋ ನಗುತ್ತಿದ್ದಾರೋ ನನಗೆ ಹಿಂದಿನಿಂದ ಗೊತ್ತಾಗಲಿಲ್ಲ.

ಅರ್ಚಕರು ಅರ್ಧ ಗಂಟೆ ಕಾದರು. ಅವರಿಗೆ ಕುಶಾಲನಗರದಲ್ಲಿ ಒಂದು ಗೃಹಪ್ರವೇಶ ಇತ್ತು. ಕೊನೆಗೆ ಬಗ್ಗಿ ಒಂದೊಂದೇ ನಿಂಬೆಹಣ್ಣು ಈಚೆಗೆಳೆದು, ನಾಲ್ಕನ್ನೂ ತಮ್ಮ ಹಿಮ್ಮಡಿಯಲ್ಲೇ ತುಳಿದು, "ಶಾಸ್ತ್ರ ಆಯ್ತು" ಅಂದು ಸ್ಕೂಟರ್ ಹತ್ತಿದರು.

೪. ಮುಚ್ಚಳ

ಆ ಅವಮಾನದ ಮೇಲೆ ಯಜಮಾನರು ಕಾರು ಮಾರುವುದೆಂದು ತೀರ್ಮಾನಿಸಿದರು. ಭಾನುವಾರ ಯಾರೋ ನೋಡಲು ಬರುವವರಿದ್ದರು. ಶುಕ್ರವಾರ ಸಂಜೆ ಟೀಚರ್ ಒಬ್ಬರೇ ಶೆಡ್ಡಿಗೆ ಬಂದರು.

"ಗಾಡಿ ಹೋದ್ರೆ ಹೋಗ್ಲಿ. ಆದ್ರೆ ನನ್ನ ಕಾಲಿಂದ ಹೋಯ್ತು ಅಂತ ಸಾಯೋವರೆಗೂ ಕೇಳಬೇಕಲ್ಲ, ಅದು ಆಗಲ್ಲ" ಅಂದು ಒಂದು ನೋಟ್‌ಬುಕ್ ಕೊಟ್ಟರು. ಪ್ರತಿದಿನದ ಸಮಯ, ಮಂಜು ಇತ್ತೋ ಇಲ್ಲವೋ, ಯಾವ ಚಪ್ಪಲಿ, ಬ್ರೇಕ್ ಹಿಡಿಯಿತೋ ಇಲ್ಲವೋ, ಎಲ್ಲ ಗೆರೆ ಹಾಕಿ ಬರೆದಿದ್ದರು. "ಓದು. ಏನು ಕಾಣುತ್ತೆ?"

ನಾನು ಹತ್ತನೇ ಕ್ಲಾಸಿನಲ್ಲಿ ನಿಂತ ಹಾಗೆ ನಿಂತೆ. ಪುಣ್ಯಕ್ಕೆ ಈ ಸಲ ಉತ್ತರ ಕಂಡಿತು. ಚಪ್ಪಲಿ ಯಾವುದಾದರೇನು, ಚಳಿ ಇದ್ದ ದಿನ ಮಾತ್ರ ಹಿಡಿದಿದೆ. ಬಿಸಿಲು ಬಂದ ಮೇಲೆ ಬಿಟ್ಟಿದೆ.

ಕಾರನ್ನು ಆ ರಾತ್ರಿ ಶೆಡ್ಡಿನ ಹೊರಗೇ ಚಳಿಯಲ್ಲಿ ನಿಲ್ಲಿಸಿಕೊಂಡೆ. ಬೆಳಿಗ್ಗೆ ಟೀಚರೂ ಯಜಮಾನರೂ ಸ್ವೆಟರ್ ಹಾಕಿಕೊಂಡು ಬಂದರು. ಪೆಡಲನ್ನು ಐದು ಸಲ ಒತ್ತಿದೆ, ಚಕ್ರ ಬಿಗಿಯಿತು. ಬಾನೆಟ್ ಎತ್ತಿದೆ. ಬ್ರೇಕ್ ಆಯಿಲ್ ಡಬ್ಬಿ ಹೊರಗಿನಿಂದ ನೋಡಿದರೆ ತುಂಬಿತ್ತು. ಅದಕ್ಕೇ ಹೊಸ ಗಾಡಿ ಅಂತ ನಾನೂ ಮುಚ್ಚಳ ತೆಗೆದಿರಲಿಲ್ಲ, ಮೈಸೂರಿನವರೂ ತೆಗೆದಿರಲಿಲ್ಲ. ಈಗ ತೆಗೆದೆ. ಮುಚ್ಚಳದೊಳಗಿನ ರಬ್ಬರು ಪೂರಿಯ ಹಾಗೆ ಉಬ್ಬಿತ್ತು. ಡಬ್ಬಿಯಲ್ಲಿ ಎಣ್ಣೆಯ ಬದಲು ಬೆಳ್ಳಗೆ ಏನೋ ಗಟ್ಟಿಯಾಗಿ ಕೂತಿತ್ತು. ಬೆರಳಲ್ಲಿ ತೆಗೆದು ಮೂಸಿದೆ. ಅಮ್ಮ ಈಗ ತಲೆ ಬಾಚುತ್ತಾಳೆ ಅನ್ನಿಸಿತು.

"ಟೀಚರ್, ಇದು ತೆಂಗಿನೆಣ್ಣೆ."

ಇಬ್ಬರೂ ಯಜಮಾನರ ಕಡೆ ತಿರುಗಿದೆವು. ಅವರು ಸ್ವೆಟರಿನ ಗುಂಡಿ ಸರಿಮಾಡಿಕೊಂಡರು.

"ಕಂಪನಿಯವರು ಹಾಕಿದ್ದು ನೀರು ನೀರಾಗಿತ್ತು. ಮೋಸ ಮಾಡಿದ್ದಾರೆ ಅಂತ ಸಿರಿಂಜಲ್ಲಿ ಎಲ್ಲ ಎಳೆದು ಚೆಲ್ಲಿ, ಒಳ್ಳೇ ಎಣ್ಣೆ ತುಂಬಿಸಿದೆ. ಎಂತ ಕಲಬೆರಕೆ ಇಲ್ಲ, ಗಾಣದ್ದು."

ಎಣ್ಣೆಗೆ ರಬ್ಬರ್ ಊದಿ, ಒತ್ತಿದ ಎಣ್ಣೆ ಡಬ್ಬಿಗೆ ವಾಪಸ್ ಬರುವ ತೂತು ಕಿರಿದಾಗಿದೆ. ಚಳಿಗೆ ಹೆಪ್ಪುಗಟ್ಟಿದಾಗ ತೂತು ಪೂರ್ತಿ ಮುಚ್ಚಿ, ಒತ್ತಿದ ಬ್ರೇಕು ವಾಪಸ್ ಬರುತ್ತಿಲ್ಲ. ಬಿಸಿಲಿಗೆ ಕರಗಿದರೆ ಬಿಡುತ್ತದೆ. ನಾನು ಇದನ್ನು ವಿವರಿಸುವಾಗ ಟೀಚರ್ ನನ್ನನ್ನು ನೋಡಿದ ರೀತಿಗೆ, ಹಳೇ ಮಾರ್ಕ್ಸ್ ಕಾರ್ಡನ್ನು ತಿದ್ದಿಸಿಕೊಂಡ ಹಾಗಾಯಿತು. ಅವರು ಯಜಮಾನರ ಎದುರಿಗೇ ಫೋನ್ ತೆಗೆದರು. ಭಾನುವಾರ ಬರಬೇಕಿದ್ದವರಿಗೆ ಬರಬೇಡಿ ಅಂದರು, ಅಷ್ಟೇ.

ಬ್ರೇಕಿನ ರಬ್ಬರೆಲ್ಲ ಬದಲಾಯಿಸಿ, ಪೈಪು ತೊಳೆದು, ಸರಿಯಾದ ಎಣ್ಣೆ ತುಂಬಿಸಲು ವಾರ ಹಿಡಿಯಿತು. ಮಂಜು ಕವಿದ ಒಂದು ಬೆಳಿಗ್ಗೆ ಟ್ರಯಲ್ ನೋಡಲು ಹೊರಟೆವು. ಟೀಚರ್ ಓಡಿಸುತ್ತಿದ್ದರು, ನಾನು ಮುಂದೆ, ಯಜಮಾನರು ಹಿಂದೆ. ನಾಲ್ಕು ತಿರುವು ದಾಟಿದೆವು. ಆಮೇಲೆ ಹಿಂದಿನಿಂದ ಯಜಮಾನರ ದನಿ ಬಂತು, ಬಹಳ ಯೋಚಿಸಿದವರ ದನಿ:

"ಅಲ್ಲ, ಎಳ್ಳೆಣ್ಣೆ ಹಾಕಿದ್ರೆ ಹೆಪ್ಪುಗಟ್ತಿರಲಿಲ್ಲ, ಅಲ್ವಾ?"

ಟೀಚರ್ ಬ್ರೇಕ್ ಒತ್ತಿದರು. ಕಾರು ಥಟ್ಟನೆ ನಿಂತಿತು. ಯಜಮಾನರನ್ನು ರಸ್ತೆಯಲ್ಲೇ ಇಳಿಸಿ ಕಾಲು ತೆಗೆದರು. ಬ್ರೇಕು ಬೆಣ್ಣೆಯ ಹಾಗೆ ಬಿಟ್ಟುಕೊಂಡಿತು.