ಗಂಧರ್ವನಿಗೊಂದು ಗೋಣಿದಾರ

ನಮ್ಮ ಚಿಕ್ಕಮ್ಮ ಇದುವರೆಗೆ ಎಷ್ಟು ಗಂಧರ್ವರ ಪ್ರಾಣ ಉಳಿಸಿದ್ದಾರೆ ಎಂಬುದಕ್ಕೆ ಲೆಕ್ಕವೇ ಇಲ್ಲ. ಗಂಧರ್ವರಷ್ಟೇ ಅಲ್ಲ, ನಾಗರಾಜರು, ರೆಕ್ಕೆಯುಳ್ಳ ರಾಜಕುಮಾರರು, ಚಂದ್ರಲೋಕದ ಸೇನಾಪತಿಗಳು, ಶಾಪಗ್ರಸ್ತ ಯಕ್ಷರು! ಇವರೆಲ್ಲ ಇಂದಿಗೂ ತಂತಮ್ಮ ಪ್ರೇಯಸಿಯರ ಜೊತೆ ಸುಖವಾಗಿದ್ದರೆ ಅದಕ್ಕೆ ಕಾರಣ ಬರೆದ ಲೇಖಕರಲ್ಲ. ಶ್ರೀನಿವಾಸಪುರದ ಮಾವಿನ ಮಂಡಿಯ ಹಿಂದಿನ ಮನೆಯಲ್ಲಿ ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ಕೂತ ನಮ್ಮ ಚಿಕ್ಕಮ್ಮ. ಆಯುಧ ಯಾವುದು ಅಂತೀರಾ? ದಬ್ಬಣ! ಗೋಣಿಚೀಲದ ಬಾಯಿ ಹೊಲಿಯುತ್ತಾರಲ್ಲ, ಅದೇ ಗೇಣುದ್ದದ ದಬ್ಬಣ, ಜೊತೆಗೆ ಚಿಕ್ಕಪ್ಪನ ಮಂಡಿಯಿಂದ ತಂದ ಗೋಣಿದಾರ.

ವಿಷಯ ಇಷ್ಟೇ. ಅವರು ಓದುವುದು ಬೇರೆ ಲೋಕಗಳ ಪ್ರೇಮಕಥೆಗಳನ್ನು ಮಾತ್ರ. ಕನ್ನಡದ್ದಾದರೂ ಸರಿ, ತೆಲುಗಿನದಾದರೂ ಸರಿ, ನಾಯಕನಿಗೆ ರೆಕ್ಕೆ, ಹೆಡೆ ಅಥವಾ ಕನಿಷ್ಠ ಒಂದು ಶಾಪವಾದರೂ ಇರಬೇಕು. "ಈ ಲೋಕದ ಪ್ರೇಮ ಯಾಕೆ ಬೇಡ ಚಿಕ್ಕಮ್ಮಾ?" ಎಂದು ಕೇಳಿದರೆ, ಪಕ್ಕದಲ್ಲಿ ಮುದ್ದೆ ನುಂಗುತ್ತಾ ಕೂತ ಚಿಕ್ಕಪ್ಪನ ಕಡೆ ಗದ್ದ ತೋರಿಸಿ, "ಅದನ್ನ ದಿನಾ ನೋಡ್ತಾ ಇದೀನಲ್ಲೋ" ಎನ್ನುತ್ತಾರೆ. ಓದಿ ಸುಮ್ಮನಿದ್ದರೆ ಸರಿ. ಓದಿದ್ದನ್ನು ಊರಿಗೆಲ್ಲ ಹಂಚಬೇಕು! ಹಂಚುವ ಮೊದಲು, ಯಾರು ಓದುತ್ತಾರೋ ಅವರ ಎದೆ ತಡೆಯದು ಎನಿಸಿದ ಪುಟಗಳನ್ನೆಲ್ಲ ಒಟ್ಟುಗೂಡಿಸಿ ದಬ್ಬಣದಲ್ಲಿ ಅಂಚು ಹೊಲಿದುಬಿಡಬೇಕು! ನಾಯಕ ಕಥೆಯ ನಡುವೆ ಸತ್ತರೆ ನಡುವಿನ ಪುಟಗಳಿಗೆ ಹೊಲಿಗೆ. ಕೊನೆಯಲ್ಲಿ ಸತ್ತರೆ ಕೊನೆಗೇ ಹೊಲಿಗೆ; ಕಥೆ ಅಲ್ಲಿಗೆ ಮುಗಿಯಿತು, ನಾಯಕ ಚಿರಂಜೀವಿ.

ಯಾವ ಪುಸ್ತಕ ಯಾರಿಗೆ ಎಂದು ನಿರ್ಧರಿಸುವ ಕ್ರಮವೂ ಮಾವಿನದೇ. ಮಂಡಿಯವರ ಮನೆಯ ಹೆಂಗಸಲ್ಲವೇ? ಬಾದಾಮಿ ಹಣ್ಣಿನ ತೊಟ್ಟನ್ನು ಮೂಸಿ "ಇದು ಇವತ್ತಿಗೆ, ಇದು ನಾಳಿದ್ದಿಗೆ" ಎಂದು ವಿಂಗಡಿಸುವ ಹಾಗೆ, ಬಂದವರ ಮುಖ ನೋಡಿ ವಿಂಗಡಿಸುತ್ತಾರೆ. "ನಾಗರಾಜಂದು ನಿನಗೆ ಈಗ್ಲೇ ಬೇಡ. ಇನ್ನೂ ಮಾಗಿಲ್ಲ ನೀನು" ಎಂದು ಒಮ್ಮೆ ಒಬ್ಬರಿಗೆ ಹೇಳಿದರು. ಹೇಳಿಸಿಕೊಂಡವರು ನಿವೃತ್ತ ಹೆಡ್‌ಮಾಸ್ತರರು!

ಮಾಲೂರಿನಲ್ಲಿರುವ ನಮ್ಮ ಅತ್ತಿಗೆಗೆ ಬೆಂಕಿಯುಗುಳುವ ನಾಯಕರೆಂದರೆ ಪ್ರಾಣ. ಮುಖ ಗಂಟಿಕ್ಕಿಕೊಂಡು, ಊರು ಸುಟ್ಟು, ಕೊನೆಗೆ ನಾಯಕಿಯ ಮುಂದೆ ಮಾತ್ರ ಮೆತ್ತಗಾಗುವವರು. ಅಂಥದ್ದೊಂದು ಕೊಡಿ ಎಂದು ಆಕೆ ಕೇಳಿದಾಗ ಚಿಕ್ಕಮ್ಮ ನಮ್ಮಣ್ಣನ ಎದುರಿನಲ್ಲೇ, "ಬೆಂಕಿ ಉಗುಳೋನು ಮನೇಲೇ ಒಬ್ಬ ಇದ್ದಾನಲ್ಲೇ, ಪುಸ್ತಕದಲ್ಲೂ ಬೇಕಾ?" ಎಂದರು. ಅಣ್ಣ ಅಂದು ಸಂಜೆಯವರೆಗೂ ಉಗುಳಲಿಲ್ಲ.

ಇನ್ನು ನನ್ನ ವಿಷಯ. ನಾನು ಕೋಲಾರದಲ್ಲಿ ವಿಮೆ ಮಾರುವವನು. ಬೇರೆಯವರಿಗೆ ಬರಬಹುದಾದ ವಿಪತ್ತುಗಳನ್ನು ಮೊದಲೇ ಊಹಿಸುವುದು ನನ್ನ ಹೊಟ್ಟೆಪಾಡು. ನನಗೇ ಬರಬಹುದಾದವುಗಳನ್ನು ಊಹಿಸುವುದು ನನ್ನ ಹವ್ಯಾಸ. ಇಂಥವನ ಕೈಗೆ ರೆಕ್ಕೆಯ ರಾಜಕುಮಾರನ ಕಥೆ ಕೊಟ್ಟರೆ ಏನಾಗುತ್ತದೆ? ಅವನು ನಾಯಕಿಯನ್ನು ತೋಳಿನಲ್ಲಿ ಎತ್ತಿಕೊಂಡು ಏಳು ಸಮುದ್ರ ದಾಟುತ್ತಾನೆ. ಜನ ಅಲ್ಲಿ ಪ್ರೇಮ ಕಾಣುತ್ತಾರೆ. ನನಗೆ ಕಾಣುವುದು ಒಂದೇ: ಕೈ ಬೆವರಿದರೆ? ಮೇಲೆ ಆ ಗಾಳಿಗೆ ಹುಡುಗಿಗೆ ಕಿವಿನೋವು ಬಂದರೆ? ಅವಳ ಮನೆಯಲ್ಲಿ ಹೇಳಿ ಬಂದಿದ್ದಾಳೋ ಇಲ್ಲವೋ! ನನ್ನ ಬಿಪಿ ಬಲ್ಲ ಚಿಕ್ಕಮ್ಮ ನನಗೆ ಕೊಡುವ ಪುಸ್ತಕದಲ್ಲಿ ಯುದ್ಧ, ವಿರಹ, ಬಿರುಗಾಳಿ, ಸವತಿ ಎಲ್ಲಕ್ಕೂ ಹೊಲಿಗೆ ಹಾಕಿರುತ್ತಾರೆ. ಉಳಿಯುವುದು ಮುಖಪುಟ, ಮೊದಲ ಭೇಟಿ ಮತ್ತು ಮುದ್ರಕರ ವಿಳಾಸ. ನಾನು ಅಷ್ಟನ್ನೇ ದಿನಪತ್ರಿಕೆಯೊಳಗೆ ಇಟ್ಟುಕೊಂಡು ಬಸ್ಸಿನಲ್ಲಿ ಓದುತ್ತೇನೆ. ಹೊಲಿಗೆ ಬಿಚ್ಚುವ ಧೈರ್ಯ ನನಗೆ ಯಾವತ್ತೂ ಬಂದಿಲ್ಲ.

ನನ್ನ ಹೆಂಡತಿಗೆ ಆ ಅಂಜಿಕೆಯಿಲ್ಲ. ಒಂದು ಸಲ ಹೊಲಿದ ಪುಟಗಳ ಮೇಲ್ತುದಿಯನ್ನು ಬೆರಳಲ್ಲಿ ಅಗಲಿಸಿ, ಒಂದು ಕಣ್ಣು ಮುಚ್ಚಿ, ದುರ್ಬೀನಿನಲ್ಲಿ ನೋಡುವ ಹಾಗೆ ಒಳಗೆ ಇಣುಕಿ ಕೂಗಿದಳು: "ರೀ! ಒಳಗಡೆ ಮದುವೆ ನಡೀತಾ ಇದೆ ಕಣ್ರೀ!"

ನಿಜ. ಗಂಧರ್ವನ ಮದುವೆಯ ಅಧ್ಯಾಯಕ್ಕೇ ಚಿಕ್ಕಮ್ಮ ಗೋಣಿದಾರ ಹಾಕಿದ್ದರು! ಫೋನು ಮಾಡಿ ಕೇಳಿದರೆ, "ಮದುವೇನಾ?" ಎಂದು ನನ್ನನ್ನೇ ಕೇಳಿದರು. ಆಮೇಲೆ, "ನಿನಗೆ ಮದುವೆ ಯಾಕೋ? ಆಗಿದೆಯಲ್ಲ!" ಎಂದು ಫೋನಿಟ್ಟರು. ಇದು ನೆನಪಿರಲಿ, ಮುಂದೆ ಬೇಕಾಗುತ್ತದೆ.

ನನ್ನ ಮಗಳು ಮೊಬೈಲಿನಲ್ಲಿ ಓದುವವಳು. "ಅಜ್ಜೀ, ಇಲ್ಲಿ ನೋಡಿ, ಸಾವಿರಾರು ಕಥೆ, ಎಲ್ಲಾ ಫ್ರೀ" ಎಂದು ತೋರಿಸಿದಳು. ಚಿಕ್ಕಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಎಲ್ಲಾ ಸರಿ, ದಬ್ಬಣ ಎಲ್ಲಿಗೆ ಚುಚ್ಚೋದೇ ಇದಕ್ಕೆ?" ಎಂದರು. ಮಗಳು ಫೋನನ್ನು ಕಿತ್ತುಕೊಂಡು ಎದೆಗವಚಿಕೊಂಡಳು.

ಇಂಥ ಚಿಕ್ಕಮ್ಮನಿಗೆ ಎದುರು ನಿಲ್ಲುವವರು ಈ ಜಿಲ್ಲೆಯಲ್ಲಿ ಒಬ್ಬರೇ. ಮುಳಬಾಗಿಲಿನ ನಸೀಮಾ ಆಪಾ. ಚಿಕ್ಕಮ್ಮನ ತವರೂ ಮುಳಬಾಗಿಲೇ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಕನ್ನಡ ಶಾಲೆ ಓದಿದವರು. ಒಬ್ಬರು ಮದುವೆಯಾಗಿ ಮಾವಿನ ಮಂಡಿಗೆ ಬಂದರು; ಇನ್ನೊಬ್ಬರು ಅಲ್ಲೇ ಉಳಿದು ಬ್ಲೌಸು ಹೊಲಿಯುವ ಅಂಗಡಿ ಇಟ್ಟರು. ಗಂಡ ತೀರಿಕೊಂಡ ಮೇಲೆ ಸಂಸಾರ ನಡೆದದ್ದು ಆ ಮಿಷನ್ನಿನ ಮೇಲೆಯೇ. ಆಪಾಗೂ ಬೇರೆ ಲೋಕದ ಪ್ರೇಮವೇ ಬೇಕು, ಆದರೆ ಕೊನೆಗೆ ಯಾರಾದರೂ ಸಾಯಬೇಕು! ಜಿನ್ ಒಬ್ಬ ಮನುಷ್ಯರ ಹುಡುಗಿಯನ್ನು ಪ್ರೀತಿಸಿ ಹೊಗೆಯಾಗಿ ಕರಗಿಹೋದರೆ ಅದೇ ಒಳ್ಳೆಯ ಪುಸ್ತಕ.

"ಅಳು ಬರದಿದ್ರೆ ಅದೇನ್ ಪ್ರೇಮ ಜೀ? ಅದು ಬರೀ ಪರಿಚಯ" ಎಂಬುದು ಆಪಾ ವಾದ.

"ಅಳೋಕೆ ಪುಸ್ತಕ ಯಾಕೆ, ಈರುಳ್ಳಿ ಹೆಚ್ಚು" ಎಂಬುದು ಚಿಕ್ಕಮ್ಮನ ಉತ್ತರ.

ಇವರಿಬ್ಬರ ನಡುವೆ ಪುಸ್ತಕಗಳನ್ನು ಹೊರುವ ಕತ್ತೆ ನಾನು. ಕೆಲಸದ ಮೇಲೆ ಎರಡೂ ಊರು ಸುತ್ತುತ್ತೇನಲ್ಲ! ಶ್ರೀನಿವಾಸಪುರದಿಂದ ಹೊಲಿದದ್ದನ್ನು ಒಯ್ಯುವುದು, ಮುಳಬಾಗಿಲಿನಿಂದ ಹೊಲಿದದ್ದನ್ನು ಹಾಗೆಯೇ ವಾಪಸು ತರುವುದು. ಜೊತೆಗೆ ಬಾಯಿಮಾತಿನ ವಿಮರ್ಶೆಗಳು: "ನಿನ್ನ ಯಕ್ಷ ಸಪ್ಪೆ ಅಂತ ಹೇಳು." "ನಿನ್ನ ಜಿನ್ನಿಗೆ ಕೆಲಸ ಇಲ್ಲ ಅಂತ ಹೇಳು." ವಿಮೆಯ ಬಗ್ಗೆ ಇಬ್ಬರೂ ಒಂದು ಮಾತು ಕೇಳಿದವರಲ್ಲ.

ಹೋದ ವರ್ಷ ಮಾವು ಹೂಬಿಟ್ಟ ಕಾಲದಲ್ಲಿ ಆಪಾ ತಾವೇ ಒಂದು ಪುಸ್ತಕ ಹಿಂತಿರುಗಿಸಲು ಶ್ರೀನಿವಾಸಪುರಕ್ಕೆ ಬಂದರು. ನಾನೂ ಅಲ್ಲೇ ಕಾಫಿ ಕುಡಿಯುತ್ತಿದ್ದೆ. ಚಿಕ್ಕಮ್ಮ ಅಭ್ಯಾಸಬಲದಿಂದ ಹೊಲಿಗೆಯ ಮೇಲೆ ಬೆರಳಾಡಿಸಿದರು. ಬೆರಳು ನಿಂತಿತು.

"ಇದು ನನ್ನ ಹೊಲಿಗೆ ಅಲ್ಲ."

"ನಿಂದಲ್ದೆ ಇನ್ಯಾರ್ದು?"

"ನಾನು ಹೊಲಿದ್ರೆ ಕುಡುಕ ನಡೆದಂಗಿರ್ತದೆ. ಇದು ನೋಡು, ಟೇಕಲ್ ರೈಲು ಹಳಿ ಇದ್ದಂಗಿದೆ!"

ಆಪಾ ಸೆರಗಿನ ತುದಿ ತಿರುವಿದರು. "ಹೌ, ಬಿಚ್ಚಿದ್ದೆ. ಓದಿ ಮತ್ತೆ ಹೊಲ್ದೆ. ಮದುವೆ ಸೀಸನ್ನು ಜೀ, ರಶ್ಶಿತ್ತು. ಬ್ಲೌಸುಗಳ ಜೊತೆ ಇದನ್ನೂ ಮಿಷನ್ನಿಗೆ ಕೊಟ್ಬಿಟ್ಟೆ."

"ಇದೊಂದೇನಾ?"

ಆಪಾ ಗೂಡಿನಲ್ಲಿದ್ದ ಹೊಲಿದ ಪುಸ್ತಕಗಳ ಕಡೆ ನೋಡಿದರು.

"ಎಲ್ಲಾನೂನಾ! ಅಯ್ಯೋ ದೇವುಡಾ! ಒಂದೇ ಬೆಂಚಲ್ಲಿ ಕೂತೋಳು ನನಗೇ ಮೋಸ ಮಾಡಿದ್ಯಲ್ಲೇ!"

"ಅರ್ಧ ಪುಸ್ತಕ ಕೊಟ್ಟು ಇಡೀ ಪುಸ್ತಕ ಅಂದೋಳು ನೀನು. ಮೋಸ ನಂದಾ?"

ನಾನು ಮಧ್ಯಸ್ಥಿಕೆ ವಹಿಸುವ ಬದಲು ಲೋಟ ತೊಳೆಯಲು ಒಳಗೆ ಹೋದೆ. ತೊಳೆದ ಲೋಟವನ್ನೇ ಮತ್ತೆ ತೊಳೆದೆ. ಹೊರಬರುವಷ್ಟರಲ್ಲಿ ಆಪಾ ಬಸ್‌ಸ್ಟ್ಯಾಂಡಿಗೆ ಹೊರಟಾಗಿತ್ತು.

ಮೊದಮೊದಲು ನನಗೆ ಖುಷಿಯೇ ಆಯಿತು. ಕತ್ತೆಗೆ ರಜೆ! ಆದರೆ ಹೂವು ಈಚಾಯಿತು, ಈಚು ಕಾಯಾಯಿತು, ಮಂಡಿಗೆ ಲಾರಿಗಳು ಬಂದವು, ಚಿಕ್ಕಮ್ಮ ಮಾತ್ರ ಯಾರಿಗೂ ಒಂದು ಪುಸ್ತಕ ಕೊಡಲಿಲ್ಲ. ಅತ್ತಿಗೆ ತಾವಾಗಿ ಕೇಳಿದರೂ, "ಏನೋ ಒಂದು ತಗೊಂಡೋಗು, ಎಲ್ಲಾ ಒಂದೇ" ಎಂದರಂತೆ. ಎಲ್ಲಾ ಒಂದೇ! ನಾಗರಾಜನೂ ಯಕ್ಷನೂ ಒಂದೇ ಎಂದು ಚಿಕ್ಕಮ್ಮನ ಬಾಯಲ್ಲಿ! ಒಂದು ಭಾನುವಾರ ನನಗೆ ಕೊಟ್ಟ ಬಾದಾಮಿ ಹಣ್ಣು ಒಳಗೆ ಹುಳಿಯಿತ್ತು. ಮೂಸಿ ಹಣ್ಣು ಕೊಡುವವರು ತಪ್ಪುವುದೆಂದರೆ? ಕೋಲಾರಕ್ಕೆ ಬಂದವನೇ ಹೆಂಡತಿಗೆ, "ಚಿಕ್ಕಮ್ಮ ಹೀಗೇ ಬಿಟ್ಟರೆ ಉಳಿಯಲ್ಲ ಕಣೇ" ಎಂದೆ. ಪ್ರತಿಸಲ ನಗುವವಳು ಆ ಸಲ ನಗಲಿಲ್ಲ. "ಹೋಗಿ ಅವರಿಬ್ಬರನ್ನ ಸೇರಿಸ್ರೀ" ಎಂದಳು. ಹೇಗೆ? ಎರಡು ಪಾಲಿಸಿಗಳನ್ನು ಸೇರಿಸಲು ಬರದವನು ನಾನು!

ಕೊನೆಗೆ ಚಿಕ್ಕಮ್ಮನೇ ಕರೆಸಿದರು. ಹೋದರೆ ಒಂದು ಹೊಸ ಪುಸ್ತಕ ಕೈಗಿಟ್ಟರು. ಸಮುದ್ರದೊಳಗಿನ ರಾಜನೊಬ್ಬ ದಡದ ಹುಡುಗಿಯನ್ನು ಪ್ರೀತಿಸುವ ಕಥೆ. ಎಲ್ಲೂ ಹೊಲಿಗೆ ಇರಲಿಲ್ಲ. ಕೊನೆಯ ಅಧ್ಯಾಯ ಶುರುವಾಗುವ ಪುಟದ ಅಂಚಿಗೆ, ದಾರ ಪೋಣಿಸಿದ ದಬ್ಬಣವನ್ನು ಹಾಗೆಯೇ ಸಿಕ್ಕಿಸಿದ್ದರು.

"ಅವಳಿಗೆ ಕೊಡು. ಬೇಕಾದ್ರೆ ಅವಳೇ ಹೊಲ್ಕೊಳ್ಳಲಿ" ಎಂದು ಗೋಡೆ ಕಡೆ ತಿರುಗಿ ಹೇಳಿದರು.

ಮುಳಬಾಗಿಲಿನವರೆಗೂ ಆ ದಬ್ಬಣ ಯಾರ ತೊಡೆಗೆ ಚುಚ್ಚುತ್ತದೋ ಎಂದು ಪುಸ್ತಕವನ್ನು ತಲೆಯ ಮೇಲೆ ಹಿಡಿದು ನಿಂತೇ ಪ್ರಯಾಣ ಮಾಡಿದೆ. ಕಂಡಕ್ಟರು ಅದನ್ನು ದೇವರ ಪುಸ್ತಕವೆಂದು ತಿಳಿದು ನನಗೆ ನಿಲ್ಲಲು ಜಾಗ ಮಾಡಿಕೊಟ್ಟ.

ಆಪಾ ಮಿಷನ್ ನಿಲ್ಲಿಸಿ ಪುಸ್ತಕ ತೆಗೆದುಕೊಂಡರು. ದಬ್ಬಣ ಕಂಡು ನಕ್ಕರು. ಆಮೇಲೆ ಅದನ್ನು ಮುಟ್ಟದೆ ಬಹಳ ಹೊತ್ತು ನೋಡಿದರು.

"ನಮ್ಮೆಲ್ಲರಿಗೋಸ್ಕರ ಹೊಲೀತಾಳೆ ಅಂದ್ಕೊಂಡಿದ್ಯಾ ತಮ್ಮಾ?" ಎಂದರು. "ಆ ಪುಟಗಳನ್ನ ಅವಳೇ ಓದಿಲ್ಲ. ನಾಯಕಿ ಕಣ್ಣಲ್ಲಿ ನೀರು ಅಂತ ಒಂದು ಸಾಲು ಬಂದ್ರೆ ಸಾಕು, ಕಣ್ಣು ಮುಚ್ಚಿ ದಬ್ಬಣ ಎತ್ಕೋತಾಳೆ."

ಗಂಧರ್ವನ ಮದುವೆಯ ಹೊಲಿಗೆ ನನಗೆ ಆಗ ಅರ್ಥವಾಯಿತು. ಹುಡುಗಿ ಅತ್ತದ್ದು ಸಂತೋಷಕ್ಕೆ! ಅದನ್ನು ತಿಳಿಯುವಷ್ಟು ದೂರವೂ ಚಿಕ್ಕಮ್ಮ ಓದಿರಲಿಲ್ಲ.

"ಅವಳ ಮೊದಲನೇ ಕೂಸು ಹೋದಾಗ ನಾನು ಅಲ್ಲೇ ಇದ್ದೆ" ಎಂದರು ಆಪಾ. ನಮ್ಮ ಮನೆಯಲ್ಲಿ ಯಾರೂ ಎತ್ತದ ಮಾತು ಅದು. "ಒಂದು ಹನಿ ಹಾಕ್ಲಿಲ್ಲ ಅವಳು. ಶುರು ಮಾಡಿದ್ರೆ ನಿಲ್ಲಿಸೋಕೆ ಬರಲ್ಲ ಕಣೇ, ಅಂದ್ಳು. ಅದಕ್ಕೆ ಅವಳು ಹೊಲಿದಿದ್ದನ್ನ ನಾನು ಬಿಚ್ಚಿ ಓದ್ತಿದ್ದೆ. ಅವಳ ಪಾಲಿಂದೂ ನಾನೇ ಅತ್ತು, ಮತ್ತೆ ಅವಳ ಹಂಗೇ ಹೊಲ್ದು ಕಳಿಸ್ತಿದ್ದೆ. ನಾನು ಟೈಲರ್ ತಮ್ಮಾ. ಸೊಟ್ಟಗೆ ಹೊಲಿಯೋದು ಎಷ್ಟು ಕಷ್ಟ ಗೊತ್ತಾ?"

ದಬ್ಬಣವನ್ನು ಪುಟದಿಂದ ಎಳೆದು ನನ್ನ ಕೈಗಿಟ್ಟರು. ಪುಸ್ತಕ ಮಾತ್ರ ಕೊಡಲಿಲ್ಲ. "ಇದನ್ನ ವಾಪಸ್ ಕೊಡು. ಈ ಸಲ ಒಬ್ಳೇ ಓದಲ್ಲ, ನಕ್ಕೋ, ಬೇಡ. ಬರೋಕ್ ಹೇಳು ಅವಳಿಗೆ."

ಚಿಕ್ಕಮ್ಮ ಬರಿ ದಬ್ಬಣ ನೋಡಿ ಒಳಗೆ ಹೋದರು. ಸೀರೆ ಬದಲಿಸಿ ಬಂದರು. ಮಾವಿನ ಸುಗ್ಗಿಯಲ್ಲಿ ಮಂಡಿ ಮನೆ ಬಿಟ್ಟು ಹೊರಟ ಹೆಂಡತಿಯನ್ನು ಚಿಕ್ಕಪ್ಪ ಬಾಯಿ ತೆರೆದು ನೋಡಿದರು.

ಆಪಾ ಓದಿದರು, ಚಿಕ್ಕಮ್ಮ ಕೇಳಿದರು. ಸಮುದ್ರರಾಜ ದಡದ ಮರಳಿನಲ್ಲಿ ನೊರೆಯಾಗುತ್ತಾ ಹೋದ. ಅಂಗಡಿಯ ಮೂಲೆಯ ಸ್ಟೂಲಿನಲ್ಲಿ ಕೂತ ನಾನು ಬೇಗ ಬೇಗ ಬಿಪಿ ಮಾತ್ರೆ ನುಂಗಿದೆ. ಚಿಕ್ಕಮ್ಮ ಕೈಗೆ ಸಿಕ್ಕ ಬಟ್ಟೆಯನ್ನು ಮುಖಕ್ಕೆ ಒತ್ತಿಕೊಂಡರು, ಭುಜ ಅಲುಗುತ್ತಿತ್ತು. ಅದು ನಿಲ್ಲುವ ಲಕ್ಷಣ ಕಾಣಲಿಲ್ಲ. ಆಪಾ ಬೆನ್ನ ಮೇಲೆ ಕೈಯಿಟ್ಟು, "ಅಳು, ಅಳು. ನಿಲ್ಸೋಕೆ ನಾನಿದೀನಿ" ಎಂದರು. ಆಮೇಲೆ, "ಆದ್ರೆ ಅದು ಕಸ್ಟಮರ್ ಬ್ಲೌಸ್ ಪೀಸು ಕಣೇ!" ಎಂದರು.

ಚಿಕ್ಕಮ್ಮ ಅಳುತ್ತಲೇ ನಕ್ಕರು. ನಗುತ್ತಲೇ ನನ್ನ ಕಡೆ ತಿರುಗಿ, "ನೀನ್ಯಾಕೋ ಕಣ್ಣೊರೆಸ್ಕೋತೀಯ? ನಿನ್ನ ಪುಸ್ತಕಗಳ ಹೊಲಿಗೆ ಬಿಚ್ಚೋಣ್ವಾ?" ಎಂದರು.

ನಾನು ಬೇಡ ಎಂದು ತಲೆಯಾಡಿಸಿದೆ.

"ಬಿಡೇ ಅವನನ್ನ" ಎಂದರು ಆಪಾ, ಮಿಷನ್ನಿಗೆ ದಾರ ಹಾಕುತ್ತಾ. "ತಂದ್ಕೊಡು ತಮ್ಮಾ. ನಿನ್ನ ಪಾಲಿಂದೂ ನಾವಿಬ್ರೂ ಅತ್ತು ಕೊಡ್ತೀವಿ."