ನಾನು ತೂಗಿದ ಮಕ್ಕಳು

ಜನರಿಗೆ ಆರೋಗ್ಯದ ವಿಷಯ ಹೇಳಿಕೊಂಡು ಮನೆ ಮನೆ ತಿರುಗುವವಳು ನಗುವುದಕ್ಕೆ ಕಾರಣ ಹುಡುಕಬೇಕಾಗಿಲ್ಲ. ಬೆಳಿಗ್ಗೆ ಚೀಲ ಹೆಗಲಿಗೆ ಹಾಕಿಕೊಂಡು ಹೊರಟರೆ ಸಾಕು, ಮಧ್ಯಾಹ್ನದೊಳಗೆ ಒಂದಾದರೂ ಎದುರಿಗೆ ಬಂದು ನಿಂತಿರುತ್ತದೆ.

ನಾನು ಭದ್ರಾವತಿಗೆ ಕೆಲಸಕ್ಕೆ ಬಂದದ್ದು ಐವತ್ತರ ದಶಕ ಮುಗಿಯುವ ಹೊತ್ತಿಗೆ. ಸರ್ಕಾರ ಕೊಟ್ಟ ಹೆಸರು ಹೆಲ್ತ್ ವಿಸಿಟರ್. ಜನ ಕೊಟ್ಟ ಹೆಸರು ನರ್ಸಮ್ಮ. ಓಲ್ಡ್ ಟೌನಿನ ಗಲ್ಲಿಗಳು, ಜನ್ನಾಪುರದ ವಠಾರಗಳು, ಕಾರ್ಖಾನೆಯ ಕೂಲಿಯವರ ಗುಡಿಸಲು ಸಾಲು, ಇಷ್ಟು ನನ್ನ ಪಾಲಿನದು. ಜೊತೆಗೆ ಒಬ್ಬ ಆಯಾ ಇದ್ದಳು. ಗಂಡನ ಕೆಲಸದ ಬೆನ್ನು ಹಿಡಿದು ಸೇಲಂ ಕಡೆಯಿಂದ ಬಂದವಳು. ಮಕ್ಕಳನ್ನು ತೂಗುವ ತಕ್ಕಡಿ ಅವಳ ತಲೆಯ ಮೇಲೆ, ಔಷಧಿ ಚೀಲ ನನ್ನ ಹೆಗಲ ಮೇಲೆ. ನಮ್ಮ ಯಜಮಾನರು ಶಿವಮೊಗ್ಗದಲ್ಲಿ ಹೈಸ್ಕೂಲು ಮೇಷ್ಟ್ರು. ಹೆರಿಗೆಗೆ ಯಾವ ಹೊತ್ತಿನಲ್ಲಿ ಕರೆ ಬರುತ್ತದೋ ಹೇಳುವ ಹಾಗಿರಲಿಲ್ಲವಾದ್ದರಿಂದ ನಾನು ಜನ್ನಾಪುರದಲ್ಲೇ ಒಂದು ಕೋಣೆ ಹಿಡಿದಿದ್ದೆ. ಭಾನುವಾರ ಅವರು ರೈಲಿಗೆ ಬರುತ್ತಿದ್ದರು, ಇಲ್ಲವೆ ನಾನು ಹೋಗುತ್ತಿದ್ದೆ.

ಈಗ ಶಿವಮೊಗ್ಗದ ಗೋಪಾಳದಲ್ಲಿ ತಂಗಿಯ ಮಗಳ ಮನೆಯಲ್ಲಿದ್ದೇನೆ. ಯಾವುದಕ್ಕೂ ಕೊರತೆಯಿಲ್ಲ. ಬೀದಿಯಲ್ಲಿ ಯಾರಾದರೂ ಮಗು ಎತ್ತಿಕೊಂಡು ಹೋಗುವುದು ಕಂಡರೆ ಮಾತ್ರ ನನ್ನ ಕೈ ತಾನಾಗಿ ಮುಂದಕ್ಕೆ ಹೋಗುತ್ತದೆ. ಅವರು ನಕ್ಕು ಮುಂದೆ ಹೋಗುತ್ತಾರೆ. ಗುರುತಿಲ್ಲದ ಮುದುಕಿಯ ಕೈಗೆ ಮಗು ಕೊಡುವುದಕ್ಕೆ ಅವರಿಗೇನು ಕಾರಣ? ಆಗ ಆ ಗಲ್ಲಿಗಳು ನೆನಪಾಗುತ್ತವೆ.

ಆರಿದ ನೀರು

ಒಂದು ಬೇಸಿಗೆಯಲ್ಲಿ ನದಿ ಕಡೆಯ ಕೇರಿಯಲ್ಲಿ ವಾಂತಿಭೇದಿ ಶುರುವಾಯಿತು. ಹಿಂದಿನ ವರ್ಷ ಅದೇ ಕೇರಿಯಲ್ಲಿ ಎಳೆ ಮಕ್ಕಳು ತೀರಿಕೊಂಡಿದ್ದವು. ಹಾಗಾಗಿ ನಾನು, ಆಯಾ ಇಬ್ಬರೂ ಬಿಸಿಲು ಏರುವ ಮೊದಲೇ ಹೋಗಿ ಪ್ರತಿ ಬಾಗಿಲಲ್ಲೂ ನಿಂತು ಹೇಳಿದ್ದೇ ಹೇಳಿದ್ದು. ನೀರು ಕುದಿಸಿ, ಆರಿಸಿ, ಮುಚ್ಚಿಟ್ಟು ಕುಡೀರಿ. ಹಸಿ ನೀರು ಮಕ್ಕಳ ಬಾಯಿಗೆ ಬೇಡ.

ಒಬ್ಬಳು ಅಜ್ಜಿ ಎಲ್ಲರಿಗಿಂತ ಗಮನವಿಟ್ಟು ಕೇಳಿದಳು. ಮೊಮ್ಮಗನೊಬ್ಬನೇ ಅವಳಿಗೆ ಉಳಿದಿದ್ದವನು. ಮಾರನೆಯ ದಿನವೇ ಹಂಡೆ ತುಂಬ ನೀರು ಕುದಿಯುತ್ತಿರುವುದನ್ನು ತೋರಿಸಿದಳು. ನನಗೆ ಖುಷಿಯಾಯಿತು. ಆದರೆ ವಾರ ಕಳೆಯುವುದರೊಳಗೆ ಆ ಹುಡುಗನಿಗೇ ಭೇದಿ ಹತ್ತಿತು. ಪುಣ್ಯಕ್ಕೆ ಬೇಗ ಗೊತ್ತಾಗಿ ಆಸ್ಪತ್ರೆಗೆ ಸೇರಿಸಿದೆವು, ಉಳಿದುಕೊಂಡ.

ಅವನು ಮನೆಗೆ ಬಂದ ಮೇಲೆ ಅಜ್ಜಿಯನ್ನು ಕೂರಿಸಿಕೊಂಡು ಕೇಳಿದೆ. "ಅಜ್ಜೀ, ನೀರು ಕುದಿಸಿದ್ರಿ ತಾನೆ?"

"ಕುದಿಸಿದೆ ಕಣವ್ವ. ನೀನೇ ನೋಡಿದ್ಯಲ್ಲ."

"ಆರಿಸಿದ್ರಿ?"

"ಆರಿಸದೆ ಬಿಸಿ ಬಿಸಿ ಕುಡಿಸ್ತೀನಾ, ಮಗಾನ ನಾಲಿಗೆ ಸುಡಲ್ವಾ?"

"ಹೇಗೆ ಆರಿಸಿದ್ರಿ?"

ಅಜ್ಜಿ ನನ್ನ ಮುಖವನ್ನೇ ನೋಡಿದಳು. ಆಮೇಲೆ ಆಯಾ ಕಡೆ ತಿರುಗಿ, ಪಾಪ ಎನ್ನುವ ದನಿಯಲ್ಲಿ ಕೇಳಿದಳು. "ನಿಮ್ಮ ನರ್ಸಮ್ಮ ಸ್ನಾನ ಹೆಂಗೆ ಮಾಡ್ತಾಳೆ? ಬಿಸಿನೀರಿಗೆ ಹೊಳೆ ನೀರು ಬೆರೆಸಿಕೊಳ್ಳೋದು ಅವಳಿಗೆ ಯಾರೂ ಹೇಳಿಕೊಟ್ಟಿಲ್ವಾ?"

ತಿಗಣೆಯ ಶಿಫಾರಸು

ಮಲೇರಿಯಾಕ್ಕೆಂದು ಡಿಡಿಟಿ ಹೊಡೆಯುವವರು ಬರುವ ಮುಂಚೆ ಜನರನ್ನು ಒಪ್ಪಿಸಿ ಇಡುವುದು ನಮ್ಮ ಕೆಲಸ. ಓಲ್ಡ್ ಟೌನಿನಲ್ಲಿ ಒಂದು ವ್ಯಾಪಾರಸ್ಥರ ಮನೆ. ಯಜಮಾನಿತಿ ಹಣೆತುಂಬ ವಿಭೂತಿ ಹಚ್ಚಿದ, ಗಟ್ಟಿ ದನಿಯ ಹೆಂಗಸು. ಆ ಬೀದಿಯ ಮನೆಗಳೆಲ್ಲ ಅವರು ಏನು ಮಾಡುತ್ತಾರೋ ನೋಡಿಕೊಂಡು ಅದನ್ನೇ ಮಾಡುವವು.

"ಅಡಿಗೆಮನೆಗೆ ಬೇಡ, ದೇವರಮನೆಗೆ ಬೇಡ, ನಡುಮನೆಗೂ ಬೇಡ," ಅಂದರು. "ಬೇಕಾದರೆ ಕೊಟ್ಟಿಗೆಗೆ ಹೊಡ್ಕೊಂಡು ಹೋಗಿ."

ಸೊಳ್ಳೆ ಹೇಗೆ ಕಚ್ಚುತ್ತದೆ, ಚಳಿಜ್ವರ ಹೇಗೆ ಬರುತ್ತದೆ, ಬಸುರಿಯರಿಗೆ ಬಂದರೆ ಏನಾಗುತ್ತದೆ, ಎಲ್ಲ ಹೇಳಿದೆ. ಮನೆಯಲ್ಲಿ ಸೊಸೆ ಬಸುರಿ ಬೇರೆ. ಜಗ್ಗಲಿಲ್ಲ. ಕಾಫಿ ಕೊಟ್ಟು ಕಳಿಸಿದರು.

ಎರಡು ಮನೆಯಾಚೆ ಒಬ್ಬರು ಒಪ್ಪಿದರು. ಅಲ್ಲಿ ಗೋಡೆಗೆಲ್ಲ ಮದ್ದು ಹೊಡೆದು ಹೋದರು. ಮರುದಿನ ಆ ಮನೆಯಾಕೆ ಮಂಚ ಕೊಡವಿದರೆ ಅಂಗಳದ ತುಂಬ ಸತ್ತ ತಿಗಣೆ. ಸುದ್ದಿ ಬೀದಿಗೆಲ್ಲ ಹಬ್ಬಿತು. ನಾನು ಆ ಕಡೆ ಹೋಗುವಾಗ ನಮ್ಮ ಯಜಮಾನಿತಿಯವರು ಬಾಗಿಲಲ್ಲೇ ಕಾಯುತ್ತಿದ್ದರು. ಮನೆಯ ಮಂಚ, ಬೆಂಚು, ಮಾವನವರ ಆರಾಮಕುರ್ಚಿ ಎಲ್ಲ ಬೀದಿಗೆ ಬಂದು ಸಾಲಾಗಿ ನಿಂತಿದ್ದವು.

"ಎಲ್ಲಿ ಹೋದ್ರು ಮಾರಾಯ್ತಿ ಆ ಮದ್ದಿನವರು? ಕರ್ಕೊಂಡು ಬಾ."

"ದೇವರಮನೆಗೆ ಬೇಡ ಅಂದಿದ್ರಿ?"

"ತಿಗಣೆಗೆ ದೇವರಮನೆ ಅಂತ ಗೊತ್ತಾಗುತ್ತಾ? ಹೊಡೀಲಿ."

"ಅಂತೂ ಮಲೇರಿಯಾ ವಿಷಯ ನಿಮಗೆ ಮನಸ್ಸಿಗೆ ಬಂತಲ್ಲ, ಸಂತೋಷ," ಅಂದೆ.

"ಮಲೇರಿಯಾ ಹಾಳಾಗ್ಲಿ," ಅಂದರು. "ಅದು ಯಾವಾಗಲೋ ಒಂದು ಸಲ ಬಂದು ಹೋಗೋ ನೆಂಟ. ಇದು ಮನೆ ಅಳಿಯ."

ಆ ಸೊಸೆಗೆ ಗಂಡುಮಗು ಹುಟ್ಟಿತು. ತೂಗಿದ್ದು ನಾನೇ. ತಕ್ಕಡಿಯಿಂದ ಇಳಿಸಿದ ಮೇಲೂ ಸ್ವಲ್ಪ ಹೊತ್ತು ನನ್ನ ಕೈಯಲ್ಲೇ ಇಟ್ಟುಕೊಂಡಿದ್ದೆ. ಯಾರೂ ಅವಸರ ಮಾಡಲಿಲ್ಲ.

ಪೈಲ್ವಾನರ ತೋಳು

ಪಕ್ಕದ ಊರಲ್ಲಿ ಸಿಡುಬು ಕಾಣಿಸಿಕೊಂಡಿದೆ ಎಂದು ಸುದ್ದಿ ಬಂದಾಗ ಎಲ್ಲರಿಗೂ ಮೈಲಿ, ಅಂದರೆ ಸಿಡುಬಿನ ಚುಚ್ಚುಮದ್ದು, ಹಾಕಿಸುವ ಕೆಲಸ ಜೋರಾಯಿತು. ಹೆಂಗಸರು ಮಕ್ಕಳನ್ನು ಕರೆತಂದರು. ತೊಂದರೆ ಕೊಟ್ಟದ್ದು ಗರಡಿಮನೆ. ಅಲ್ಲಿನ ಉಸ್ತಾದರು ಹಾಕಿಸಿಕೊಳ್ಳದೆ ಶಿಷ್ಯರು ಯಾರೂ ಹಾಕಿಸಿಕೊಳ್ಳುವುದಿಲ್ಲ. ಉಸ್ತಾದರದ್ದು ಒಂದೇ ಮಾತು. "ಹೆದರಿಕೆ ಅಲ್ಲ ಬೆಹೆನ್‌ಜೀ. ತೋಳಿನ ತಾಕತ್ತು ಹೋಗುತ್ತೆ."

ನಾನು ಹೇಳಿ ಸೋತೆ. ಆಯಾ ತಕ್ಕಡಿ ಕೆಳಗಿಟ್ಟು ಅವರ ತೋಳನ್ನು ಮೇಲಿಂದ ಕೆಳಗೆ ನೋಡಿದಳು. "ಇಷ್ಟು ದೊಡ್ಡ ತೋಳು. ಇದ್ರಲ್ಲಿ ಒಂದು ಚೂರು ತಾಕತ್ತು ಹೋದ್ರೆ ಯಾರಿಗೆ ಗೊತ್ತಾಗುತ್ತೆ ಸಾಮಿ?"

ಶಿಷ್ಯರು ನಕ್ಕರು. ಉಸ್ತಾದರಿಗೆ ಮರ್ಯಾದೆಯ ಪ್ರಶ್ನೆಯಾಯಿತು. ಸ್ಟೂಲಿನ ಮೇಲೆ ಕೂತು ಎಡತೋಳು ಚಾಚಿದರು. ಬಲಗೈ ಆಸರೆಗೆ ಏನಾದರೂ ಬೇಕಿತ್ತೋ ಏನೋ, ಪಕ್ಕದಲ್ಲಿ ನಿಂತಿದ್ದ ಆಯಾಳ ಮಣಿಕಟ್ಟನ್ನು ಹಿಡಿದುಕೊಂಡರು. ಮೈಲಿ ಹಾಕುವವನು ಉಪಕರಣ ತೋಳಿಗೆ ಒತ್ತಿ ತಿರುಗಿಸಿದ. ಉಸ್ತಾದರು ಕಣ್ಣುಮುಚ್ಚಿ ಹಲ್ಲು ಕಚ್ಚಿದರು. ಪಟಪಟನೆ ಶಬ್ದ ಕೇಳಿಸಿತು.

"ಮುಗೀತು," ಅಂದ ಮೈಲಿ ಹಾಕುವವನು. ಉಸ್ತಾದರು ಕಣ್ಣುಬಿಟ್ಟು ಎದ್ದು ಶಿಷ್ಯರ ಕಡೆ ನೋಡಿ, "ನೋಡಿದ್ರಾ? ಏನೂ ಇಲ್ಲ," ಅಂದರು. ಹುಡುಗರೆಲ್ಲ ಸಾಲು ನಿಂತರು.

ಆಯಾ ಒಡೆದ ಗಾಜಿನ ಬಳೆಗಳನ್ನು ನೆಲದಿಂದ ಆರಿಸುತ್ತ ನನ್ನ ಕಡೆ ಕೈ ಚಾಚಿದಳು. "ಅಮ್ಮ, ನನಗೊಂಚೂರು ಹತ್ತಿ ಕೊಡಿ. ಮೈಲಿ ಹಾಕಿದ್ದು ಅವ್ರಿಗೆ, ರಕ್ತ ಬಂದಿದ್ದು ನನಗೆ."

ಆಯಾ ಮುಂದೆ ಗಂಡನಿಗೆ ವಯಸ್ಸಾದ ಮೇಲೆ ತನ್ನೂರಿಗೆ ಹೋದಳು. ಬಸ್ಸು ಹೊರಡುವವರೆಗೆ ಇಬ್ಬರೂ ತಕ್ಕಡಿಯ ಬಗ್ಗೆಯೇ ಮಾತಾಡಿದೆವು, ಅದನ್ನು ಯಾರು ಹೊರುತ್ತಾರೆ ಅಂತ. ಆಮೇಲೆ ಅವಳ ಸುದ್ದಿಯೇ ಇಲ್ಲ.

ನಿಲ್ಲಿಸುವ ವಿಚಾರ

ಅರವತ್ತರ ದಶಕ ಶುರುವಾದ ಮೇಲೆ ಇನ್ನೊಂದು ಹೊಸ ಪಾಠ ನಮ್ಮ ತಲೆಗೆ ಬಂತು. ಮಕ್ಕಳು ಕಡಿಮೆ ಇರಲಿ, ಒಂದಕ್ಕೂ ಇನ್ನೊಂದಕ್ಕೂ ಅಂತರವಿರಲಿ ಎಂದು ತಾಯಂದಿರಿಗೆ ತಿಳಿಸಿ ಹೇಳಬೇಕು. ಮೇಲಿನವರಿಗೆ ಅದನ್ನು ಹೇಳಲು ನಾನೇ ಸಿಕ್ಕಿದೆ. ಮದುವೆಯಾಗಿ ಬಹಳ ಕಾಲವಾಗಿತ್ತು, ನಮಗೆ ಮಕ್ಕಳಾಗಿರಲಿಲ್ಲ. ತೋರಿಸಬೇಕಾದ ಡಾಕ್ಟರಿಗೆಲ್ಲ ತೋರಿಸಿದ್ದೆವು. ಆಗುವ ಸೂಚನೆಯೂ ಇರಲಿಲ್ಲ.

ಜನ್ನಾಪುರದ ಒಂದು ವಠಾರದಲ್ಲಿ ಕಾರ್ಖಾನೆ ಕೆಲಸಗಾರನ ಹೆಂಡತಿಯೊಬ್ಬಳಿದ್ದಳು. ಮನೆ ತುಂಬ ಮಕ್ಕಳು, ಹೊಟ್ಟೆಯಲ್ಲೊಂದು, ಮೈಯಲ್ಲಿ ರಕ್ತವಿಲ್ಲ. ಇನ್ನೊಂದು ಹೆರಿಗೆ ಅವಳಿಗೆ ಅಪಾಯ ಎಂದು ನನಗೆ ನಿಜಕ್ಕೂ ಹೆದರಿಕೆಯಿತ್ತು. ಅವಳ ಅಡಿಗೆಮನೆಯಲ್ಲಿ ಕೂತು ಸಮಾಧಾನವಾಗಿ ಎಲ್ಲ ಹೇಳಿದೆ. ಏನೇನು ದಾರಿಯಿದೆ, ಯಾವುದಕ್ಕೆ ಎಲ್ಲಿಗೆ ಹೋಗಬೇಕು, ಗಂಡನಿಗೆ ಹೇಗೆ ಹೇಳಬೇಕು. ಅವಳು ಬೇಳೆ ಆರಿಸುತ್ತ ಒಂದೂ ಮಾತಾಡದೆ ಕೇಳಿದಳು. ಕೇಳುತ್ತ ಕೇಳುತ್ತ ಅವಳ ಕಣ್ಣಲ್ಲಿ ನೀರು ತುಂಬಿತು. ಮಾತು ನಾಟಿತು ಅಂದುಕೊಂಡೆ.

ಅವಳು ಮೊರ ಪಕ್ಕಕ್ಕಿಟ್ಟು ನನ್ನ ಕೈ ಹಿಡಿದುಕೊಂಡಳು.

"ನಂಗೆ ಈಗ ಅರ್ಥ ಆಯ್ತು ನರ್ಸಮ್ಮ. ಇಷ್ಟು ದಿನ ದೇವರನ್ನ ಬೈತಿದ್ದೆ. ಇಂಥವ್ರಿಗೆ ಒಂದು ಕೊಡಲಿಲ್ವಲ್ಲ ಅಂತ."

"ಏನು ಅರ್ಥ ಆಯ್ತು?"

"ಇದೆಲ್ಲ ನಿಮಗೆ ಇಷ್ಟು ಚೆನ್ನಾಗಿ ಗೊತ್ತಿದೆ ಅಂದಮೇಲೆ ಮಕ್ಕಳು ಎಲ್ಲಿಂದ ಆಗ್ತವೆ? ನಾನು ನಿಲ್ಲಿಸ್ತೀನಿ, ನಿಮ್ಮ ಮಾತು ಕೇಳ್ತೀನಿ. ನೀವು ನನ್ನ ಮಾತು ಕೇಳಿ. ನೀವು ನಿಲ್ಲಿಸೋದನ್ನ ನಿಲ್ಲಿಸಿ."

ಅವಳು ಮಾತಿಗೆ ತಪ್ಪಲಿಲ್ಲ. ಆ ಹೆರಿಗೆ ಸುಸೂತ್ರವಾಯಿತು, ಆಮೇಲೆ ಗಂಡನನ್ನೂ ಆಸ್ಪತ್ರೆಗೆ ಕರೆತಂದಳು. ಆದರೆ ಬಾಗಿಲಲ್ಲಿ ಸಿಕ್ಕಾಗಲೆಲ್ಲ ಹುಬ್ಬು ಹಾರಿಸಿ ಮೆಲ್ಲಗೆ ಕೇಳುವಳು. "ನಿಲ್ಲಿಸಿದ್ರಾ?"

ಮೊದಲ ಬಹುಮಾನ

ಅದೇ ಸುಮಾರಿಗೆ ಜನ್ನಾಪುರದ ಸ್ಕೂಲಿನ ಹಾಲ್‌ನಲ್ಲಿ ಶಿಶುಪ್ರದರ್ಶನ ಮಾಡಿದೆವು. ತಾಯಂದಿರು ಮಕ್ಕಳನ್ನು ಕರೆತರಬೇಕು. ಚುಚ್ಚುಮದ್ದು ಹಾಕಿಸಿದ, ಶುಚಿಯಾಗಿ ಸಾಕಿದ, ತೂಕ ಸರಿಯಿರುವ ಮಗುವಿಗೆ ಬೆಳ್ಳಿ ಲೋಟ. ಬಹುಮಾನದ ಆಸೆಗಾದರೂ ಹೇಳಿದ್ದನ್ನೆಲ್ಲ ಮಾಡಲಿ ಎಂದು ನಮ್ಮ ಉಪಾಯ. ಕೆಲಸವೂ ಮಾಡಿತು. ತಲೆಯಿಂದ ಎಣ್ಣೆ ಇಳಿಸಿಕೊಂಡು, ಕಣ್ಣಿಗೆ ಕಾಡಿಗೆ ಹಚ್ಚಿಕೊಂಡು ಇಡೀ ಕೇರಿಯ ಮಕ್ಕಳು ಬಂದು ಹಾಲ್ ತುಂಬ ಅಳುತ್ತಿದ್ದವು.

ಮುಖ್ಯ ಅತಿಥಿಯಾಗಿ ಒಬ್ಬ ದೊಡ್ಡ ಅಧಿಕಾರಿಯ ಪತ್ನಿ ಬಂದಿದ್ದರು. ರೇಷ್ಮೆ ಸೀರೆ, ಕೈಯಲ್ಲಿ ಪರ್ಸು. ಒಳ್ಳೆಯವರೇ, ಆದರೆ ಸ್ವಲ್ಪ ಅವಸರ. ಡಾಕ್ಟರಮ್ಮ ತೂಕ ನೋಡಿ ಗುರುತು ಹಾಕಿಟ್ಟಿದ್ದ ನಾಲ್ಕಾರು ಮಕ್ಕಳಲ್ಲಿ ಕೊನೆಯ ತೀರ್ಪು ಅವರದು.

ಗುಡಿಸಲು ಸಾಲಿನ ಕಡೆಯ ಒಬ್ಬ ತಾಯಿ ನೀರು ಕುಡಿದು ಬರುತ್ತೇನೆಂದು ತನ್ನ ಮಗುವನ್ನು ನನ್ನ ಕೈಗೆ ಕೊಟ್ಟು ಹೋದಳು. ಎಂಟು ತಿಂಗಳ ಹೆಣ್ಣುಮಗು. ಅವಳ ಮೊದಲಿನ ಮಗು ಉಳಿದಿರಲಿಲ್ಲ. ಹಾಗಾಗಿ ಇದನ್ನು ನಾನು ಹೇಳಿದ ಒಂದೊಂದು ಮಾತನ್ನೂ ಪಾಲಿಸಿ ಬೆಳೆಸಿದ್ದಳು. ಮಗು ನನ್ನ ಸೆರಗು ಬಾಯಿಗೆ ಹಾಕಿಕೊಂಡು ಚಪ್ಪರಿಸುತ್ತಿತ್ತು. ಅದೇ ಹೊತ್ತಿಗೆ ಅತಿಥಿಗಳು ಎದುರಿಗೆ ಬಂದರು. ಮಗುವನ್ನು ನೋಡಿದರು, ನನ್ನನ್ನು ನೋಡಿದರು, ಮುಖ ಅರಳಿತು. ನೇರವಾಗಿ ಮೈಕಿನ ಹತ್ತಿರ ಹೋದರು.

"ಮೊದಲ ಬಹುಮಾನ ನಿಮ್ಮ ನರ್ಸಮ್ಮನ ಮಗುವಿಗೆ. ಬರೀ ಊರಿಗೆ ಹೇಳೋದಲ್ಲ, ತಮ್ಮ ಮನೇಲೂ ಮಾಡಿ ತೋರಿಸಿದ್ದಾರೆ. ಎಲ್ಲರೂ ಇವರನ್ನ ನೋಡಿ ಕಲೀಬೇಕು."

ನಾನು "ಅಲ್ಲ ಮೇಡಂ, ಇದು" ಅಂದೆ. ಅಷ್ಟರಲ್ಲಿ ಚಪ್ಪಾಳೆ. ಅಲ್ಲಿದ್ದ ಒಬ್ಬೊಬ್ಬ ಹೆಂಗಸಿಗೂ ಮಗು ಯಾರದ್ದೆಂದು ಗೊತ್ತು. ಒಬ್ಬಳೂ ಬಾಯಿಬಿಡಲಿಲ್ಲ. ಎಲ್ಲರೂ ನನ್ನನ್ನೇ ನೋಡುತ್ತ ಚಪ್ಪಾಳೆ ತಟ್ಟಿದರು. ಬಾಗಿಲಲ್ಲಿ ಮಗುವಿನ ತಾಯಿ ನಿಂತಿದ್ದಳು. ಅವಳದೇ ಎಲ್ಲರಿಗಿಂತ ಜೋರು. ಬೆಳ್ಳಿ ಲೋಟ ಕೈಗೆ ಬಂತು, ಮಗು ಅದನ್ನು ಕಿತ್ತುಕೊಂಡು ಕಚ್ಚಿತು, ಅತಿಥಿಗಳು ಕಾರು ಹತ್ತಿ ಹೋದರು.

ಮಗುವನ್ನೂ ಲೋಟವನ್ನೂ ತಾಯಿಗೆ ಒಪ್ಪಿಸಲು ಹೋದೆ. ಅವಳು ಲೋಟ ತೆಗೆದುಕೊಂಡಳು, ಮಗುವನ್ನು ತೆಗೆದುಕೊಳ್ಳಲಿಲ್ಲ. "ಸಂಜೆವರೆಗೂ ನಿಮ್ಮ ಹತ್ರಾನೇ ಇರಲಿ ಅಮ್ಮ. ಅಷ್ಟು ಜನರ ಮುಂದೆ ನಿಮ್ದು ಅಂದಿದ್ದಾರೆ, ಇಷ್ಟು ಬೇಗ ಇಲ್ಲ ಅಂದ್ರೆ ಚೆನ್ನಾಗಿರಲ್ಲ. ಹಸಿದು ಅತ್ತರೆ ಮಾತ್ರ ಕೂಗಿ."

ದೀಪ ಹಚ್ಚುವ ಹೊತ್ತಿನವರೆಗೂ ಮಗು ನನ್ನ ಕೋಣೆಯಲ್ಲಿತ್ತು. ನನ್ನ ಚಾಪೆಯ ಮೇಲೆ ನಿದ್ದೆ ಮಾಡಿತು. ನಾನು ಬೀಸಣಿಗೆ ಬೀಸುತ್ತ ಪಕ್ಕದಲ್ಲೇ ಕೂತಿದ್ದೆ. ಕೋಣೆ ಅಷ್ಟು ತುಂಬಿದಂತೆ ನನಗೆ ಬೇರೆ ಯಾವತ್ತೂ ಅನ್ನಿಸಿಲ್ಲ. ಅತ್ತಾಗ ಎತ್ತಿಕೊಂಡು ಹೋಗಿ ಕೊಟ್ಟು ಬಂದೆ.

ಆ ಭಾನುವಾರ ಶಿವಮೊಗ್ಗಕ್ಕೆ ಹೋಗುವುದು ನನ್ನ ಸರದಿ. ನಮ್ಮ ಯಜಮಾನರು ಹೆಚ್ಚು ಮಾತಿನವರಲ್ಲ, ನಗಿಸುವವರಂತೂ ಅಲ್ಲವೇ ಅಲ್ಲ. ಅವರು ಹೋಗಿ ಎಷ್ಟೋ ವರ್ಷವಾದರೂ ಆ ದಿನ ಊಟಕ್ಕೆ ಕೂತಾಗಿನ ಅವರ ಮುಖ ಕಣ್ಣಿಗೆ ಕಟ್ಟಿದ ಹಾಗಿದೆ. ನಾನು ಪ್ರದರ್ಶನದ ವಿಷಯ ಹೇಗೆ ಎತ್ತಲಿ ಎಂದು ಯೋಚಿಸುತ್ತಿದ್ದೆ. ಅವರೇ ಶುರು ಮಾಡಿದರು.

"ನಮ್ಮ ಸ್ಟಾಫ್ ರೂಮಿಗೆ ಸುದ್ದಿ ಬಂದಿತ್ತು. ಡ್ರಾಯಿಂಗ್ ಮೇಷ್ಟ್ರ ಹೆಂಡತಿ ತೌರುಮನೆ ಭದ್ರಾವತಿ ಅಲ್ವಾ. ಎಲ್ಲರೂ ಬಂದು ಕೈ ಕುಲುಕಿದ್ರು. ಮಗು ಆಗಿದ್ದೂ ಹೇಳಲಿಲ್ಲ, ಫಸ್ಟ್ ಪ್ರೈಜ್ ಬಂದಿದ್ದೂ ಹೇಳಲಿಲ್ಲ ಅಂತ ಜಗಳ ಮಾಡಿದ್ರು."

ನನ್ನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. "ನಮ್ಮದಲ್ಲ ಅಂತ ಹೇಳಿದ್ರಿ ತಾನೆ?"

"ಹೇಳೋಣ ಅಂತಲೇ ಎದ್ದು ನಿಂತೆ." ಅವರು ತಟ್ಟೆಯಲ್ಲಿ ಅನ್ನ ಕಲಸುತ್ತಲೇ ಇದ್ದರು, ತಲೆ ಎತ್ತಲಿಲ್ಲ. "ಬಾಯಿ ಬರಲಿಲ್ಲ. ಪ್ಯೂನನ್ನ ಕಳಿಸಿ ಮೈಸೂರುಪಾಕು ತರಿಸಿ ಹಂಚಿದೆ."

ನಾನು ಸೌಟಿನಲ್ಲಿದ್ದ ಸಾರನ್ನು ಅವರ ತಟ್ಟೆಗೆ ಹಾಕಿದೆ.

"ಒಂದು ಕಡೆ ಮಾತ್ರ ಸಿಕ್ಕಿಹಾಕ್ಕೊಂಡೆ," ಅಂದರು. "ಹೆಡ್‌ಮಾಸ್ಟ್ರು ಗಂಡೋ ಹೆಣ್ಣೋ ಅಂತ ಕೇಳಿಬಿಟ್ರು."

"ಏನಂದ್ರಿ?"

"ನಾನಿನ್ನೂ ನೋಡಿಲ್ಲ ಸಾರ್, ಭಾನುವಾರ ನಮ್ಮನೆಯವಳು ಬಂದಾಗ ಕೇಳಿ ಹೇಳ್ತೀನಿ ಅಂದೆ."